ಅಳಿವೆಯ ಸರದಿ

“ಸ್ವಲ್ಪ ಎಡಕ್ಕೆ. ಇನ್ನೂ ಸ್ವಲ್ಪ. ಈಗ ಹಿಡಿದು ನಿಲ್ಲಿ. ಹಿಂದಿನಿಂದ ದೊಡ್ಡ ಅಲೆ ಬರುತ್ತಿದೆ, ಅದು ಹೋಗಲಿ. ಅದರ ಬೆನ್ನಿಗೆ ಎಂಜಿನ್ ಪೂರ್ತಿ ಏರಿಸಿ ಒಳಗೆ ಬನ್ನಿ.”

ಮರಳಕೋಡಿ ಬಂದರಿನ ಪ್ರತಿಯೊಂದು ಬೋಟಿನ ಚುಕ್ಕಾಣಿಯ ಪಕ್ಕದಲ್ಲೂ ಅಂಗೈಯಗಲದ ಪೆಟ್ಟಿಗೆಯೊಂದು ಹೀಗೆ ಮಾತಾಡುತ್ತಿತ್ತು. ಅದಕ್ಕೆ ಇಟ್ಟ ಹೆಸರು ‘ಕಡಲಕನ್ನಡಿ’. ನದಿ ಸಮುದ್ರ ಸೇರುವ ಅಳಿವೆಯಲ್ಲಿ ಮರಳಿನ ದಿಬ್ಬಗಳು ದಿನಕ್ಕೊಂದು ಕಡೆ ಮಲಗುತ್ತವೆ. ಅವುಗಳ ಮೇಲೆ ಅಲೆ ಒಡೆಯುವಾಗ ಬೋಟು ಒಳಗೆ ತರುವುದೆಂದರೆ ಜೀವ ಕೈಯಲ್ಲಿ ಹಿಡಿದ ಕೆಲಸ. ಕಡಲಕನ್ನಡಿ ಆ ಕೆಲಸವನ್ನು ಲೆಕ್ಕಕ್ಕೆ ತಂದಿತ್ತು. ಬೋಟಿನ ತಳಕ್ಕೆ ಅಂಟಿಸಿದ ಸಂವೇದಕಗಳು ನೀರಿನ ಏರಿಳಿತವನ್ನು ದಡಕ್ಕೆ ಕಳಿಸುತ್ತಿದ್ದವು. ದಡದ ಮೇಲಿನ ಕಂಪ್ಯೂಟರು ಆ ಬೋಟಿನ ಸುತ್ತ ಒಂದು ‘ಗಣಿತಗಡಲು’ ಕಟ್ಟಿ, ಅದನ್ನು ನಿಜವಾದ ಕಡಲಿಗಿಂತ ಮುಂದೆ ಓಡಿಸಿ, ಯಾವ ಹೊತ್ತಿಗೆ ಅಲೆಗಳ ನಡುವೆ ಬಿಡುವು ಸಿಗುತ್ತದೆಂದು ಹುಡುಕುತ್ತಿತ್ತು. ಆ ಬಿಡುವಿಗೆ ‘ಅಲೆಗಂಡಿ’ ಎಂದು ಹೆಸರು.

ಕಡಲಕನ್ನಡಿ ಬಂದ ಮೇಲೆ ಅಳಿವೆಯಲ್ಲಿ ಸಾಯುವವರು ಕಡಿಮೆಯಾದರು. ಆದರೆ ಸಾವು ಪೂರ್ತಿ ನಿಲ್ಲಲಿಲ್ಲ. ಗಾಳಿ ಜೋರಾದ ದಿನ ಒಂದಲ್ಲ ಒಂದು ಕಡೆ ಎರಡು ಬೋಟು ಒಂದಕ್ಕೊಂದು ಬಡಿದು ಮಗುಚುತ್ತಿದ್ದವು. ಗಾಬರಿಯಲ್ಲಿ ನುಗ್ಗಿದರು ಎಂದು ಜನ ಮಾತಾಡಿ ಸುಮ್ಮನಾಗುತ್ತಿದ್ದರು.

ಆ ಕಂಪ್ಯೂಟರಿದ್ದ ದಡದ ಕೋಣೆಯ ಯಜಮಾನ್ತಿ ವಾರಿಜಾ ತಿಂಗಳಾಯ. ಕಡಲಕನ್ನಡಿಯ ಅರ್ಧ ಲೆಕ್ಕ ಅವಳದು. ಉಳಿದರ್ಧ ಡಾ. ನರಹರಿ ಉಡುಪನದು. ಇಬ್ಬರೂ ಇದೇ ಕೋಣೆಯಲ್ಲಿ ಎದುರುಬದುರು ಕೂತು ದುಡಿದವರು. ಪ್ರಶಸ್ತಿ ಬಂದಾಗ ಅವನ ಹೆಸರು ಮೊದಲು ಬಂತು, ರಾಜಧಾನಿಯ ದೊಡ್ಡ ಕುರ್ಚಿಯೂ ಅವನಿಗೇ ಬಂತು. ವಾರಿಜಾ ಮೀನಿನ ವಾಸನೆಯ ಈ ಕೋಣೆಯಲ್ಲೇ ಉಳಿದಳು. ಅಂದಿನಿಂದ ಅವನ ಹೆಸರು ಕಿವಿಗೆ ಬಿದ್ದರೆ ಅವಳ ಬಾಯಿ ಬಿಗಿಯುತ್ತಿತ್ತು.

ಈಗ ಅದೇ ಉಡುಪ ಒಂದು ಹೊಸ ಪ್ರೊಸೆಸರನ್ನು ಹಿಡಿದುಕೊಂಡು ಬಂದಿದ್ದ.

ಕೋಣೆಯ ಹಳೆಯ ಯಂತ್ರ ಒಂದು ಕಾಲದಲ್ಲಿ ಯಾವುದೋ ಬ್ಯಾಂಕಿನ ಸರ್ವರ್ ಆಗಿತ್ತು. ಬ್ಯಾಂಕು ಕೈಬಿಟ್ಟ ಮೇಲೆ ಇಲ್ಲಿಗೆ ಬಂದಿತ್ತು. ಅದರ ಫ್ಯಾನುಗಳ ಸದ್ದಿಗೆ ಕೋಣೆಯಲ್ಲಿ ಕೂಗಿ ಮಾತಾಡಬೇಕಿತ್ತು. ಬೇಸಿಗೆಯಲ್ಲಿ ಏಸಿ ಕೈಕೊಟ್ಟರೆ ಯಂತ್ರಕ್ಕೆ ಟೇಬಲ್ ಫ್ಯಾನು ಹಚ್ಚಿ ವಾರಿಜಾ ತಾನು ಬೆವರುತ್ತಿದ್ದಳು. ಉಡುಪ ತಂದದ್ದು ಮೇಜಿನ ಮೇಲೆ ಇಡುವ ಸಾಮಾನ್ಯ ಕಂಪ್ಯೂಟರ್. ಶಾಲೆಗಳಲ್ಲೂ ಅಂಗಡಿಗಳಲ್ಲೂ ಇರುವಂಥದ್ದೇ.

ಮೀನುಗಾರರ ಸಂಘದ ಸಭೆಯಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು ಪರೀಕ್ಷೆ ನಡೆಯಿತು. ಸಂಘದ ಅಧ್ಯಕ್ಷ ಲೋಕನಾಥ ಬಂಗೇರ ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಬಂದರಿನಲ್ಲಿ ಅವನಷ್ಟು ದೊಡ್ಡ ದನಿಯೂ ಇರಲಿಲ್ಲ, ಅವನ ‘ಜಲದುರ್ಗೆ’ಯಷ್ಟು ದೊಡ್ಡ ಬೋಟೂ ಇರಲಿಲ್ಲ.

ಒಂದು ಬೋಟಿನ ಲೆಕ್ಕವನ್ನು ಎರಡಕ್ಕೂ ಕೊಟ್ಟರು. ಹೊಸದು ಬೀಡಿ ಹೊತ್ತಿಸುವಷ್ಟರಲ್ಲಿ ಉತ್ತರ ಹೇಳಿತು. ಹಳೆಯದು ಫ್ಯಾನುಗಳನ್ನು ಹುಯಿಲಿಡಿಸುತ್ತ, ಬಂಗೇರ ಚಾ ಕುಡಿದು ಲೋಟ ಕೆಳಗಿಟ್ಟ ಮೇಲೆ ಉತ್ತರ ಕೊಟ್ಟಿತು. ಸಭೆ ನಕ್ಕಿತು.

“ನಗುವುದು ಆಮೇಲೆ,” ಎಂದಳು ವಾರಿಜಾ. “ಒಂದು ಬೋಟು ಯಾಕೆ ಕೊಟ್ಟಿರಿ? ಬಂದರಿನ ಅಷ್ಟೂ ಬೋಟು ಕೊಡಿ.”

ಕೊಟ್ಟರು. ಎರಡೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಕೆಲಸ ಮುಗಿಸಿದವು.

“ಇದೆಂತ ಡಾಕ್ಟ್ರೆ?” ಬಂಗೇರ ಹುಬ್ಬು ಗಂಟಿಕ್ಕಿದ. “ಆಗ ಹೊಸತು ಗೆದ್ದದ್ದು, ಈಗ ಸಮ ಆದದ್ದು. ನಮಗೆ ಮಂಗ ಮಾಡ್ತೀರಾ?”

ಉಡುಪ ಸಮಾಧಾನದಿಂದ ವಿವರಿಸಿದ. “ಪ್ರೊಸೆಸರಿನ ಒಳಗೆ ಕೋರ್ ಅಂತ ಇರುತ್ತದೆ ಬಂಗೇರರೆ. ಲೆಕ್ಕ ಮಾಡುವ ಆಳು ಅಂತ ಇಟ್ಟುಕೊಳ್ಳಿ. ಹಳೆಯದರಲ್ಲಿ ಆಳು ತುಂಬ, ಒಬ್ಬೊಬ್ಬನೂ ನಿಧಾನ. ರಂಪಣಿ ಬಲೆ ಎಳೆದ ಹಾಗೆ, ಊರಿಗೆ ಊರೇ ಸೇರಿ ಎಳೆಯುತ್ತದೆ. ಬೋಟಿಗೊಬ್ಬ ಆಳು ಕೂತು ಎಲ್ಲ ಬೋಟಿನ ಲೆಕ್ಕ ಒಟ್ಟಿಗೆ ಮುಗಿಸುತ್ತಾರೆ. ಹೊಸದರಲ್ಲಿ ಆಳು ಕಡಿಮೆ, ಆದರೆ ಪೈಲ್ವಾನರು. ಎಲ್ಲರೂ ಸೇರಿ ಒಂದು ಬೋಟಿನ ಲೆಕ್ಕ ಮುಗಿಸಿ ಮುಂದಿನದಕ್ಕೆ ಹೋಗುತ್ತಾರೆ. ಕರೆಂಟು ಮಾತ್ರ, ಹಳೆಯದು ತಿನ್ನುವುದರಲ್ಲಿ ಚೂರುಪಾರು ಇದಕ್ಕೆ ಸಾಕು.”

“ಅಂದರೆ ಇವರ ಯಂತ್ರದಲ್ಲಿ ಒಬ್ಬನಿಗೆ ಉತ್ತರ ಮೊದಲು, ಇನ್ನೊಬ್ಬನಿಗೆ ಕೊನೆಗೆ,” ಎಂದು ವಾರಿಜಾ ಎದ್ದು ನಿಂತಳು. “ನನ್ನದರಲ್ಲಿ ಎಲ್ಲರಿಗೂ ಒಂದೇ ಗಳಿಗೆಗೆ. ಕೊನೆಯವನು ಯಾರು ಅಂತ ಡಾಕ್ಟ್ರು ಹೇಳಲಿ.”

ಸಭೆಯಲ್ಲಿ ನಗು ನಿಂತುಹೋಯಿತು. ಕೊನೆಯವರು ಯಾರು ಎಂಬ ಪ್ರಶ್ನೆ ಬೆಂಕಿಯ ಹಾಗೆ ಹಬ್ಬಿತು. ಸಣ್ಣ ನಾಡದೋಣಿಯವರು ಎದ್ದರು, ದೊಡ್ಡ ಟ್ರಾಲ್ ಬೋಟಿನವರು ಎದ್ದರು, ಒಬ್ಬರ ಮಾತು ಒಬ್ಬರಿಗೆ ಕೇಳದಾಯಿತು. ಕಡೆಗೆ ಬಂಗೇರ ಮೇಜು ಗುದ್ದಿದ.

“ನನ್ನ ಬೋಟಿನಲ್ಲಿ ಒಂದು ಬಸ್ಸಿನಷ್ಟು ಜನ ಇರ್ತಾರೆ. ನಿಮ್ಮ ದೋಣಿಯಲ್ಲಿ ನಾಲ್ಕು ಜನ. ಜೀವದ ಲೆಕ್ಕ ಹಾಕಿದರೆ ದೊಡ್ಡ ಬೋಟೇ ಮೊದಲು. ಜಲದುರ್ಗೆ ಎಲ್ಲಕ್ಕಿಂತ ಮೊದಲು. ಬೇಡ ಅಂತ ಹೇಳುವವನು ಎದುರು ಬರಲಿ!”

ಎದುರು ಬಂದವನು ವಾರಿಜಾಳ ತಮ್ಮ ಕರುಣಾಕರ. ನಾಡದೋಣಿಯವನು. ಇಬ್ಬರೂ ಕೊರಳಪಟ್ಟಿ ಹಿಡಿದುಕೊಳ್ಳುವಷ್ಟರಲ್ಲಿ ಬಿಡಿಸಿದರು. ಆದರೂ ಠರಾವು ಬಂಗೇರನ ಕಡೆಗೇ ಆಯಿತು. ದೊಡ್ಡ ಬೋಟು ಮೊದಲು, ನಾಡದೋಣಿ ಕೊನೆಗೆ.

“ಈ ಸರದಿ ಯಾರನ್ನಾದರೂ ಕೊಲ್ಲುತ್ತದೆ,” ಎಂದು ವಾರಿಜಾ ಉಡುಪನ ಮುಖಕ್ಕೇ ಹೇಳಿದಳು.

“ನಿಮ್ಮ ಹಳೇ ತಗಡು ಕೊಲ್ಲುವುದಕ್ಕಿಂತ ಕಡಿಮೆಯೇ ಕೊಲ್ಲಬಹುದು ಮೇಡಂ,” ಎಂದ ಅವನು.

ಹೋಲಿಕೆಗೆಂದು ಆ ಮೀನುಗಾರಿಕೆಯ ಹಂಗಾಮು ಪೂರ್ತಿ ಎರಡೂ ಯಂತ್ರಗಳು ಒಂದೇ ಕೋಣೆಯಲ್ಲಿ ಓಡಬೇಕೆಂದು ತೀರ್ಮಾನವಾಯಿತು. ಬೋಟುಗಳೊಡನೆ ಮಾತಾಡುವುದು ಹೊಸದು. ಹಳೆಯದು ಅದೇ ಲೆಕ್ಕವನ್ನು ತನ್ನಷ್ಟಕ್ಕೆ ಮಾಡಿ ಪರದೆಯ ಮೇಲೆ ತೋರಿಸುತ್ತದೆ, ಅಷ್ಟೆ. ಉಡುಪನೂ ಅಲ್ಲೇ ಬಿಡಾರ ಹೂಡಿದ. ಇಬ್ಬರೂ ಮಾತಾಡುತ್ತಿರಲಿಲ್ಲ. ಅವನು ಕಿಟಕಿ ತೆರೆದರೆ ಅವಳು ಮುಚ್ಚುತ್ತಿದ್ದಳು. ಅವನ ಯಂತ್ರ ಎಡವಲಿ, ಒಂದೇ ಒಂದು ಸಲ ಎಲ್ಲರೆದುರು ಎಡವಲಿ ಎಂದು ಅವಳ ಮನಸ್ಸು ಕಾಯುತ್ತಿತ್ತು. ಅದು ಎಡವಿದರೆ ನೀರಿನಲ್ಲಿ ಜನ ಇರುತ್ತಾರೆ ಎಂಬುದು ನೆನಪಾದಾಗ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು. ಆದರೂ ಕಾಯುವುದನ್ನು ಬಿಡಲಿಲ್ಲ.

ಮಳೆಗಾಲ ಮುಗಿದು ಕಡಲು ತಣ್ಣಗಾದ ಮೇಲೆ ಒಂದು ಮಧ್ಯಾಹ್ನ, ಯಾರೂ ಎಣಿಸದ ಗಾಳಿ ಎದ್ದಿತು. ಪಡುವಣದ ಆಕಾಶ ಮಸಿಯಾಯಿತು. ಹೊರಗಿದ್ದ ಬೋಟುಗಳೆಲ್ಲ ಅಳಿವೆಯ ಕಡೆ ತಿರುಗಿದವು. ರೇಡಿಯೋದಲ್ಲಿ ಒಬ್ಬರ ಮೇಲೊಬ್ಬರು ಕೂಗತೊಡಗಿದರು. ಬಂಗೇರ ಒದ್ದೆ ಅಂಗಿಯಲ್ಲೇ ಕೋಣೆಗೆ ಓಡಿ ಬಂದ. ಜಲದುರ್ಗೆಯಲ್ಲಿ ಚುಕ್ಕಾಣಿ ಹಿಡಿದಿದ್ದವನು ಅವನ ತಂಗಿಯ ಮಗ ಯಶೋಧರ. ಬಂಗೇರನಿಗೆ ಮಕ್ಕಳಿರಲಿಲ್ಲ. ಆ ಅಳಿಯನೇ ಅವನಿಗೆ ಎಲ್ಲವೂ.

ಠರಾವಿನ ಪ್ರಕಾರ ಹೊಸ ಯಂತ್ರ ಮೊದಲು ಜಲದುರ್ಗೆಯ ಲೆಕ್ಕ ಹಿಡಿಯಿತು. ಥಟ್ಟನೆ ಉತ್ತರ ಹೋಯಿತು: “ಈಗ ಒಳಗೆ ಬನ್ನಿ.”

ರೇಡಿಯೋದಲ್ಲಿ ಯಶೋಧರ ಚೀರಿದ. “ಎಂತ ಒಳಗೆ ಬರುವುದು ಮಾವ? ನಾನು ಅಳಿವೆಯಿಂದ ಎಷ್ಟು ದೂರ ಇದ್ದೇನೆ! ನಾನು ಮುಟ್ಟುವಾಗ ಅಲೆ ಬೇರೆ ಆಗಿರ್ತದೆ!”

ದೊಡ್ಡ ಬೋಟುಗಳು ಮೀನು ಹುಡುಕುತ್ತ ದೂರ ಹೋಗಿದ್ದವು. ನಾಡದೋಣಿಗಳು ಅಳಿವೆಯ ಬಾಯಲ್ಲೇ ಕುಣಿಯುತ್ತಿದ್ದವು. ಯಂತ್ರ ಅವುಗಳನ್ನು ಬಿಟ್ಟು ದೂರದ ಬೋಟುಗಳಿಗೆ ಒಂದೊಂದಾಗಿ ಉತ್ತರ ಹಂಚುತ್ತಿತ್ತು. ಆ ಉತ್ತರಗಳು ದಾರಿಯಲ್ಲೇ ಹಳಸುತ್ತಿದ್ದವು.

“ಅಕ್ಕ,” ಕರುಣಾಕರನ ದನಿ ಗಾಳಿಯಲ್ಲಿ ತುಂಡಾಗಿ ಬಂತು. “ನಮಗೆ ಯಾವಾಗ? ನೀರು ಒಳಗೆ ಬರ್ತಾ ಉಂಟು.”

ವಾರಿಜಾ ಎದ್ದು ಗೋಡೆಯ ಸ್ವಿಚ್ಚಿನ ಕಡೆ ನುಗ್ಗಿದಳು. ಅದನ್ನು ತಿರುಗಿಸಿದರೆ ಬೋಟುಗಳೊಡನೆ ಮಾತಾಡುವುದು ಹಳೆಯ ಯಂತ್ರ. ಉಡುಪ ಅಡ್ಡ ನಿಂತ.

“ದಾರಿ ಬಿಡಿ! ಹೇಳಿದ್ದೆ ನಾನು!”

“ಮೊದಲು ನಿಮ್ಮ ಪರದೆ ನೋಡಿ,” ಎಂದ ಅವನು. ಅವಳ ಹಿಂದಿನ ಪರದೆಗೆ ಬೆರಳು ತೋರಿಸಿದ. “ಅದು ಎಂತ ಹೇಳ್ತಾ ಉಂಟು ನೋಡಿ ವಾರಿಜಾ.”

ಅವಳು ತಿರುಗಿದಳು. ಹಳೆಯ ಸರ್ವರ್ ಆಗತಾನೆ ಲೆಕ್ಕ ಮುಗಿಸಿತ್ತು. ಅಳಿವೆಯ ಬಾಯಲ್ಲಿದ್ದ ಪ್ರತಿಯೊಂದು ದೋಣಿಗೂ ಅದರ ಉತ್ತರ ಸಿದ್ಧವಿತ್ತು. ಎಲ್ಲದಕ್ಕೂ ಒಂದೇ ಅಲೆಗಂಡಿ. ಎಲ್ಲದಕ್ಕೂ ಒಂದೇ ದಾರಿ. ಎಲ್ಲದಕ್ಕೂ ಒಂದೇ ಗಳಿಗೆ.

ಅವಳಿಗೆ ಒಮ್ಮೆಲೇ ಹೊಳೆಯಿತು. ಪ್ರತಿ ಗಣಿತಗಡಲಿನಲ್ಲೂ ಇರುವುದು ಒಂದೇ ಬೋಟು. ಪಕ್ಕದಲ್ಲಿ ಇನ್ನೊಂದು ಬೋಟಿದೆ ಎಂದು ಆ ಲೆಕ್ಕಕ್ಕೆ ಗೊತ್ತೇ ಇಲ್ಲ. ಅವಳೂ ಉಡುಪನೂ ಅದನ್ನು ಬರೆದೇ ಇರಲಿಲ್ಲ. ಎಲ್ಲ ಬೋಟಿಗೂ ಕಡಲು ಒಂದೇ ಆದ್ದರಿಂದ ಒಳ್ಳೆಯ ಗಳಿಗೆಯೂ ಒಂದೇ. ಹಿಂದಿನ ಗಾಳಿಯ ದಿನಗಳಲ್ಲಿ ಜನ ಗಾಬರಿಯಿಂದ ನುಗ್ಗಿರಲಿಲ್ಲ. ಪೆಟ್ಟಿಗೆ ಬಾ ಎಂದಿತ್ತು, ಬಂದಿದ್ದರು. ಒಂದೇ ಬಾಗಿಲಿಗೆ, ಒಂದೇ ಕ್ಷಣಕ್ಕೆ, ಎಲ್ಲರೂ.

ಸ್ವಿಚ್ಚಿನ ಹತ್ತಿರ ಹೋಗಿದ್ದ ಕೈ ಕೆಳಗಿಳಿಯಿತು.

“ಒಂದೊಂದೇ ಬರಬೇಕು,” ಎಂದಳು. “ನಿಮ್ಮದರ ಹಾಗೆ. ಆದರೆ ಸರದಿ ಬದಲಿಸಬೇಕು. ಅಳಿವೆಯ ಬಾಯಲ್ಲಿರುವವರು ಮೊದಲು.”

“ಠರಾವು—” ಎಂದು ಉಡುಪ ಬಂಗೇರನ ಕಡೆ ನೋಡಿದ.

“ಠರಾವಿಗೆ ಬೆಂಕಿ ಹಾಕಿ!” ಬಂಗೇರ ಕೂಗಿದ. “ಜಲದುರ್ಗೆ ಕೊನೆಗೆ ಹಾಕಿ! ಕಣ್ಣೆದುರು ದೋಣಿ ಮುಳುಗ್ತಾ ಉಂಟು, ನೀವು ಠರಾವು ಹೇಳ್ತೀರಾ?”

ಆಮೇಲೆ ನಡೆದದ್ದು ಸ್ನೇಹವೇನೂ ಅಲ್ಲ. ವಾರಿಜಾ ನಕ್ಷೆ ನೋಡಿ ಯಾರು ಅಳಿವೆಗೆ ಹತ್ತಿರ ಎಂದು ಹೆಸರು ಹೇಳಿದಳು, ಉಡುಪ ಕೀಲಿಮಣೆ ಕುಟ್ಟಿದ. ಅವಳು ನಿಧಾನವೆಂದು ಅವನು ಬೈದ, ಅವನಿಗೆ ಕಿವಿ ಕೇಳುವುದಿಲ್ಲವೆಂದು ಅವಳು ಬೈದಳು. ಹೊಸ ಯಂತ್ರ ಒಂದು ಬೋಟಿನ ಲೆಕ್ಕ ಮುಗಿಸಿ ಅದನ್ನು ಒಳಗೆ ಕರೆದು, ಮುಂದಿನದರ ಲೆಕ್ಕ ಮುಗಿಸುವಷ್ಟರಲ್ಲಿ ಮೊದಲಿನದು ಬಾಗಿಲು ದಾಟಿರುತ್ತಿತ್ತು. ಕರುಣಾಕರ ಒಳಗೆ ಬಂದ. ಅವನ ಹಿಂದೆ ಇನ್ನೊಬ್ಬ. ನಾಡದೋಣಿಗಳು ಮುಗಿದು ಟ್ರಾಲ್ ಬೋಟುಗಳ ಸರದಿ ಬಂತು. ಬಂಗೇರ ಕಿಟಕಿಯ ಸರಳು ಹಿಡಿದು ನಿಂತಿದ್ದ.

ಜಲದುರ್ಗೆಯ ಸರದಿ ಬರುವಾಗ ಮರಳಿನ ದಿಬ್ಬವೇ ಜಾರಿಬಿಟ್ಟಿತ್ತು. ಹುಡುಕಿ ಹುಡುಕಿ ಸಿಕ್ಕಿದ ಅಲೆಗಂಡಿ ತೀರ ಕಿರಿದು. ಬೋಟು ಅರ್ಧ ದಾಟಿ ಮರಳಿಗೆ ಕಚ್ಚಿಕೊಂಡಿತು. ಅಲೆಗಳು ಅದನ್ನು ಬಡಿದು ಮುರಿದವು. ಅಷ್ಟರಲ್ಲಿ ಒಳಗೆ ಬಂದಿದ್ದ ನಾಡದೋಣಿಗಳು ಹಗ್ಗ ಎಸೆದು ಜನರನ್ನೆಲ್ಲ ಎಳೆದುಕೊಂಡವು. ಯಶೋಧರ ಕಾಲು ಮುರಿದುಕೊಂಡು, ಬೋಟು ಕಟ್ಟುವ ದಕ್ಕೆಗೆ ಬಂದ. ಅವನನ್ನು ನೀರಿನಿಂದ ಎತ್ತಿದವನು ಕರುಣಾಕರ. ಬಂಗೇರ ಇಬ್ಬರನ್ನೂ ಒಟ್ಟಿಗೆ ಅಪ್ಪಿಕೊಂಡು ದಕ್ಕೆಯ ಮೇಲೇ ಕುಸಿದು ಕೂತ. ಆ ದಿನ ಯಾರೂ ಸಾಯಲಿಲ್ಲ.

ಹೊಸ ಪ್ರೊಸೆಸರ್ ಗೆದ್ದಿತೆಂದು ಪತ್ರಿಕೆಗಳು ಬರೆದವು. ಮೀನುಗಾರಿಕೆ ಇಲಾಖೆಗೆ ಖುಷಿಯಾಯಿತು. ಖುಷಿಯಲ್ಲಿ ಇಬ್ಬರನ್ನೂ ರಾಜಧಾನಿಗೆ ಕರೆಸಿ, ಇನ್ನೂ ಒಳ್ಳೆಯ ಯಂತ್ರವೊಂದನ್ನು ಮುಂದಿಟ್ಟಿತು. ಹಳೆಯದರಷ್ಟು ಕೋರ್, ಹೊಸದರಷ್ಟು ವೇಗ.

“ಇನ್ನು ಯಾರೂ ಕಾಯಬೇಕಿಲ್ಲ,” ಎಂದರು ಕಾರ್ಯದರ್ಶಿಗಳು. “ಎಲ್ಲ ಬೋಟಿಗೂ ತಕ್ಷಣ, ಒಟ್ಟಿಗೇ ಉತ್ತರ.”

“ಬೇಡ!” ಎಂದು ವಾರಿಜಾ, ಉಡುಪ ಒಟ್ಟಿಗೆ ಎದ್ದು ನಿಂತರು. ಒಬ್ಬರನ್ನೊಬ್ಬರು ಅಸಹ್ಯದಿಂದ ನೋಡಿಕೊಂಡರು. ಆದರೆ ಕೂರಲಿಲ್ಲ.

ಒಳ್ಳೆಯ ಯಂತ್ರ ಬೇಡವೆನ್ನುವವರನ್ನು ಇಲಾಖೆ ಅದುವರೆಗೆ ಕಂಡಿರಲಿಲ್ಲ. ವಾದ ಸಂಜೆಯವರೆಗೂ ನಡೆಯಿತು. ಯಂತ್ರ ಬಂದೇ ಬಂತು. ಬಂದ ಮೇಲೆ ಅದರ ಗಣಿತಗಡಲಿಗೆ ಪಕ್ಕದ ಬೋಟುಗಳನ್ನು ಪರಿಚಯ ಮಾಡಿಸಿ ಸರದಿ ಕಲಿಸುವ ಕೆಲಸ ಆ ಇಬ್ಬರ ತಲೆಗೇ ಬಿತ್ತು. ಎದುರುಬದುರು ಕೂತರು, ದಿನವೂ ಜಗಳವಾಡಿದರು, ಬರೆದು ಮುಗಿಸಿದರು.

ಆದರೂ ಒಂದು ತೊಡಕು ಉಳಿಯಿತು. ಪೆಟ್ಟಿಗೆ ‘ಬನ್ನಿ’ ಎಂದರೆ ಎಲ್ಲರೂ ಕೇಳುತ್ತಿದ್ದರು. ‘ಕಾಯಿರಿ’ ಎಂದರೆ, ಅಂದು ಬಿರುಗಾಳಿಯ ಭಯಕ್ಕೆ ನಿಂತಿದ್ದವರೂ ಕೇಳುತ್ತಿರಲಿಲ್ಲ. ಪಕ್ಕದ ದೋಣಿ ಒಳಗೆ ಹೋಗುವುದನ್ನು ನೋಡುತ್ತ, ಅಲೆಯ ಮೇಲೆ, ಒಂದು ಪೆಟ್ಟಿಗೆಯ ಮಾತು ಕೇಳಿ ನಿಲ್ಲುವವರು ಯಾರು? ಸರದಿಯ ಲೆಕ್ಕ ಸರಿಯಿತ್ತು, ಸರದಿ ನಿಲ್ಲುತ್ತಿರಲಿಲ್ಲ. ಉಡುಪ ಪೆಟ್ಟಿಗೆಯ ದನಿ ಬದಲಿಸಿದ. ವಾರಿಜಾ ಶಬ್ದ ಬದಲಿಸಿದಳು. ಯಾವುದೂ ನಡೆಯಲಿಲ್ಲ.

ಕಡೆಗೆ ಒಂದು ಗಾಳಿಯ ದಿನ ಬಂಗೇರ ಕೋಣೆಯೊಳಗೆ ಬಂದ. ಜಲದುರ್ಗೆಯನ್ನು ಕೊನೆಗೆ ಹಾಕಿಸಿ ಕಳೆದುಕೊಂಡವನಿಗೆ ಈಗ ಬೋಟಿರಲಿಲ್ಲ, ಅಧ್ಯಕ್ಷಗಿರಿಯನ್ನೂ ಬಿಟ್ಟಿದ್ದ. ವಾರಿಜಾಳ ಕೈಯಿಂದ ರೇಡಿಯೋದ ಮೈಕು ಕಿತ್ತುಕೊಂಡ.

“ಕರುಣಾಕರ,” ಎಂದು ಬಂದರಿಗೆಲ್ಲ ಕೇಳುವ ಹಾಗೆ ಕೂಗಿದ, “ನಿಲ್ಲು ಮಾರಾಯ. ನಿನ್ನ ಮುಂದೆ ಇನ್ನೊಬ್ಬ ಇದ್ದಾನೆ.”

ಪರದೆಯ ಮೇಲೆ ಅಳಿವೆಯ ಬಾಯಲ್ಲಿದ್ದ ಕರುಣಾಕರನ ದೋಣಿಯ ಚುಕ್ಕೆ ನಿಧಾನವಾಯಿತು. ತುಸು ಹಿಂದಕ್ಕೆ ಸರಿಯಿತು. ನಿಂತಿತು.