ಅವನ ಪಾಲಿನ ಅಳು

"ಅದನ್ನ ಸ್ವಲ್ಪ ನಿಲ್ಲಿಸ್ತೀರಾ?"

ಬಾಗಿಲಲ್ಲಿ ಯಾರೋ ಕೇಳಿದರು. ಅವಳು ತಿರುಗಿ ನೋಡಲಿಲ್ಲ. ಸ್ಪೀಕರಿನಲ್ಲಿ ಒಂದು ಮಗು ಬಿಕ್ಕಿ ಬಿಕ್ಕಿ ಅಳುತ್ತಿತ್ತು. ಅತ್ತು ಸುಮ್ಮನಾಗುವಷ್ಟರಲ್ಲಿ ಅವಳು ಗುಂಡಿ ಒತ್ತುತ್ತಿದ್ದಳು, ಮಗು ಮತ್ತೆ ಮೊದಲಿನಿಂದ ಶುರು ಮಾಡುತ್ತಿತ್ತು. ಬೆಳಗಿನಿಂದ ಇದೇ ಕಥೆ. ಹಳೆಯ ಸಿನಿಮಾಗಳ ಧ್ವನಿಗೆ ಅಂಟಿಕೊಂಡ ಗರಗರ, ಚಟಪಟಗಳನ್ನೆಲ್ಲ ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಆರಿಸಿ ತೆಗೆಯುವುದು ಅವಳ ಕೆಲಸ. ಆಫೀಸಿನಲ್ಲಿ ಅವಳಿಗೆ 'ಕಿವಿ' ಎಂದೇ ಹೆಸರು.

"ನಿಲ್ಲಿಸಿ ಅಂದೆ."

ಈ ಸಲದ ದನಿಗೆ ಅವಳ ಬೆರಳು ತಾನಾಗಿ ಗುಂಡಿಯ ಮೇಲೆ ಹೋಯಿತು. ಬಾಯಲ್ಲಿ ಕಚ್ಚಿಕೊಂಡಿದ್ದ ಪೆನ್ನಿನ ಮುಚ್ಚಳದ ಸಮೇತ ತಿರುಗಿದಳು. ತಿರುಗಿದವಳು ಹಾಗೇ ಉಳಿದಳು.

ಆ ಕಣ್ಣು... ಎಡಗಡೆಯದು ಒಂದು ಚೂರು ಸಣ್ಣ. ಗಡ್ಡ ಬಂದಿದೆ, ಎತ್ತರ ಬೆಳೆದಿದ್ದಾನೆ. ಆದರೆ ಆ ಕಣ್ಣನ್ನು ಅವಳು ಸಂತೆಯ ನಡುವೆ ಬಿಟ್ಟರೂ ಗುರುತಿಸುತ್ತಿದ್ದಳು.

"ನಿಮ್ಮ ಮ್ಯಾನೇಜರ್ ಎಲ್ಲಿ? ಈ ಸಿನಿಮಾ ಹೊರಗೆ ಬರೋದನ್ನ ನಿಲ್ಲಿಸೋಕೆ ಬಂದಿದ್ದೀನಿ."

"ಮೇಲೆ... ಮಹಡೀಲಿ."

ಅವನು ಹೊರಟವನು ಒಂದು ಕ್ಷಣ ನಿಂತ.

"ಆ ಮುಚ್ಚಳ ಕಚ್ಚಬೇಡಿ. ಮುಂದಿನ ಹಲ್ಲು ಆಗಲೇ ಸವೆದಿದೆ."

ಅಷ್ಟು ಸಿಟ್ಟಿನಲ್ಲಿ ಬಂದವನಿಗೆ ಅದು ಹೇಗೆ ಕಂಡಿತೋ. ಅವನು ಮಕ್ಕಳ ಹಲ್ಲಿನ ಡಾಕ್ಟರು ಎಂದು ಅವಳಿಗೆ ಆಮೇಲೆ ತಿಳಿಯಿತು. ಆದರೆ ಅವನು ಯಾರೆಂದು ಯಾರೂ ಹೇಳಬೇಕಿರಲಿಲ್ಲ. ಆ ಸಿನಿಮಾದ ಹುಡುಗ ಅವನೇ.

ಮನೆಮಂದಿಯೆಲ್ಲ ಕೂತು ನೋಡುವ ಸಿನಿಮಾ ಎಂದು ಆಗ ಜನ ಮುಗಿಬಿದ್ದಿದ್ದರು. ನಕ್ಕು ನಕ್ಕು ಹೊಟ್ಟೆ ಹುಣ್ಣಾಗುವ ಹೊತ್ತಿಗೆ ಆ ದೃಶ್ಯ ಬರುತ್ತಿತ್ತು. ಅಪ್ಪ ಮಗನ ಕೆನ್ನೆಗೆ ಬಾರಿಸುತ್ತಾನೆ. ಮಗ ಗೋಡೆಗೆ ಮುಖ ಮಾಡಿ ಎದೆ ಒಡೆಯುವ ಹಾಗೆ ಅಳುತ್ತಾನೆ. ಅದು ನಟನೆಯಲ್ಲ, ನಿಜವಾದ ಏಟು ಎಂದು ಒಂದು ಪತ್ರಿಕೆ ಬರೆದದ್ದೇ ತಡ, ಎಲ್ಲೆಲ್ಲೂ ಗುಲ್ಲೆದ್ದಿತು. ಅಪ್ಪನ ಪಾತ್ರ ಮಾಡಿದ್ದವನು ಹುಡುಗನ ಸ್ವಂತ ಅಪ್ಪ ಎಂದು ತಿಳಿದ ಮೇಲಂತೂ ಕೇಳುವುದೇ ಬೇಡ. ಚಿತ್ರಮಂದಿರಗಳ ಮುಂದೆ ಕೂಗಾಟ, ಪೋಸ್ಟರುಗಳಿಗೆ ಮಸಿ. ಸಿನಿಮಾ ಡಬ್ಬ ಸೇರಿತು. ಆ ನಟನಿಗೆ ಮತ್ತೆ ಯಾರೂ ಒಂದು ಪಾತ್ರ ಕೊಡಲಿಲ್ಲ.

ಈಗ ಅವಳ ಕಂಪನಿ ಅದೇ ಸಿನಿಮಾವನ್ನು ಒಪ್ಪಮಾಡಿ, ಜನ ಮನೆಯಲ್ಲೇ ಹಾಕಿಕೊಂಡು ನೋಡುವ ಡಿಸ್ಕಾಗಿ ಹೊರತರಲು ಹೊರಟಿತ್ತು.

ಅವನಿಗೆ ಗೊತ್ತಿಲ್ಲದ ಮಾತೊಂದಿತ್ತು. ಸ್ಪೀಕರಿನಲ್ಲಿ ಅಳುತ್ತಿದ್ದದ್ದು ಅವಳೇ.

ಅವಳ ಚಿಕ್ಕಮ್ಮ ಸಿನಿಮಾಗಳಿಗೆ ಧ್ವನಿ ಕೊಡುವವಳು. ಹಾಲುಹಲ್ಲು ಬೀಳುವ ವಯಸ್ಸಿನ ಅವಳನ್ನು ಸೊಂಟ ಹಿಡಿದೆತ್ತಿ ಮೈಕಿನ ಮುಂದೆ ಸ್ಟೂಲಿನ ಮೇಲೆ ನಿಲ್ಲಿಸಿದ್ದಳು. ಪರದೆಯ ಮೇಲಿನ ಆ ಹುಡುಗನ ಮಾತುಗಳಿಗೆಲ್ಲ ಅವಳದೇ ಧ್ವನಿ. ಅವನ ಅಳುವಿಗೂ. ಹಾಗೆ ನೋಡಿದರೆ ಅವಳು ಅವನನ್ನು ಪ್ರೀತಿಸಲು ಶುರು ಮಾಡಿ ಎಷ್ಟೋ ವರ್ಷಗಳಾಗಿದ್ದವು. ಅವನಿಗೆ ಸುದ್ದಿ ಮುಟ್ಟಿರಲಿಲ್ಲ, ಅಷ್ಟೆ.

*

ಮಹಡಿಯ ಮೇಲೆ ಮ್ಯಾನೇಜರು ಅವನನ್ನು ನಯವಾಗಿ ಕೂರಿಸಿದರು.

"ಹಕ್ಕು ನಮ್ಮ ಕೈಲಿದೆ ಡಾಕ್ಟ್ರೇ. ನೀವು ಬೇಡ ಅಂದ್ರೂ ಬರುತ್ತೆ. ಅದರ ಬದಲು ನಿಮ್ಮಪ್ಪನ ಪರವಾಗಿ ಏನು ಹೇಳಬೇಕೋ ಡಿಸ್ಕಲ್ಲೇ ಹೇಳಿಬಿಡಿ. ನಮ್ಮ ಕಿವಿ ರೆಕಾರ್ಡ್ ಮಾಡ್ಕೋತಾಳೆ."

ಬೇರೆ ದಾರಿ ಕಾಣದೆ ಒಪ್ಪಿದ. ಸಂಜೆ ಕ್ಲಿನಿಕ್ ಶುರುವಾಗುವ ಮೊದಲು ಬಂದು ಅವಳ ಸಣ್ಣ ಕೋಣೆಯಲ್ಲಿ ಕೂರುತ್ತಿದ್ದ. ಕೂರುತ್ತಿದ್ದ ಎನ್ನುವುದು ಹೆಸರಿಗೆ. ಕೂತಷ್ಟೇ ಹೊತ್ತು ನಿಂತಿರುತ್ತಿದ್ದ. ಇವಳು ವೈರು ಸುತ್ತಿ, ಬಿಚ್ಚಿ, ಮತ್ತೆ ಸುತ್ತುತ್ತಿದ್ದಳು. ಇಬ್ಬರ ಚಡಪಡಿಕೆ ಸೇರಿ ಕುರ್ಚಿಗಳಿಗೂ ನೆಮ್ಮದಿಯಿರಲಿಲ್ಲ.

ಒಂದು ದಿನ ಅವನು ಮೈಕನ್ನು ಪಕ್ಕಕ್ಕೆ ಸರಿಸಿದ.

"ಇದನ್ನ ಯಾರಿಗೂ ಹೇಳಿಲ್ಲ. ನಾನು ಅವತ್ತು ಅಳಲೇ ಇಲ್ಲ."

ವೈರು ಸುತ್ತುತ್ತಿದ್ದ ಅವಳ ಕೈ ನಿಂತಿತು.

"ಏಟು ಬಿದ್ದಿದ್ದು ನಿಜ. ಸುಮ್ಮನೆ ಕೈ ಬೀಸಿದ್ರೆ ಆಗಲ್ಲ, ನಿಜವಾಗ್ಲೂ ಹೊಡಿ, ಇಲ್ಲಾಂದ್ರೆ ಅಪ್ಪ ಮಗ ಇಬ್ಬರನ್ನೂ ಬದಲಾಯಿಸ್ತೀನಿ ಅಂದಿದ್ರಂತೆ ಡೈರೆಕ್ಟರು. ಆದ್ರೆ ನಾನು ಅಳಲಿಲ್ಲ. ನನಗೆ ಧ್ವನಿ ಕೊಟ್ಟ ಮಗು ಯಾವುದೋ, ಅದು ಅತ್ತಿದ್ದು. ಏಟಿಗಿಂತ ಆ ಅಳು ನಮ್ಮಪ್ಪನ್ನ ಮುಗಿಸಿಬಿಡ್ತು. ಬೀದೀಲಿ ಹೋದ್ರೆ ಹೊಡೆಯೋ ಅಪ್ಪ ಬಂದ ಅನ್ನೋರು. ಈಗ ಎಲ್ಲ ಮರೆತಿದ್ದಾರೆ. ಡಿಸ್ಕ್ ಬಂತು ಅಂದ್ರೆ ಮತ್ತೆ ಶುರು. ಅವರಿಗೀಗ ತಡ್ಕೊಳೋ ವಯಸ್ಸಲ್ಲ."

"ಆ ಮಗುವಿನ ಮೇಲೆ... ಕೋಪ ಇದೆಯಾ?"

"ಬೇಜಾನ್ ಇತ್ತು. ಆಮೇಲೆ ಈ ವೃತ್ತಿಗೆ ಬಂದೆ. ದಿನಾ ಮಕ್ಕಳ ಅಳು ಕೇಳೋನು ನಾನು. ನಾಟಕ ಯಾವುದು, ನಿಜ ಯಾವುದು ಅಂತ ಬಾಗಿಲಾಚೆಯಿಂದಲೇ ಹೇಳ್ತೀನಿ. ಅದು ನಾಟಕದ ಅಳು ಅಲ್ಲ. ಅವತ್ತು ಆ ಮಗೂಗೆ ಯಾರೋ ಏನೋ ಮಾಡಿದ್ದಾರೆ. ಯಾರು ಹೊಡೆದ್ರೋ, ಯಾಕೆ ಹೊಡೆದ್ರೋ... ಅದೊಂದು ತಲೇಲಿ ಕೊರೀತಾನೇ ಇರುತ್ತೆ."

ನಾನೇ ಆ ಮಗು ಅನ್ನು. ಈಗಲೇ ಅನ್ನು... ಅವಳ ಮನಸ್ಸು ತಿವಿಯಿತು.

"ನೀರು ತರ್ತೀನಿ," ಎಂದು ಎದ್ದು ಹೋದವಳು ನೀರು ಹಿಡಿಯುವುದನ್ನೇ ಮರೆತು ಖಾಲಿ ಲೋಟ ಹಿಡಿದು ಬಂದಳು. ಅವನು ಲೋಟದೊಳಗೆ ಇಣುಕಿ ಮೊದಲ ಸಲ ನಕ್ಕ. ಅವಳಿಗೆ ಇನ್ನಷ್ಟು ಭಯವಾಯಿತು.

ಮರುದಿನ ಅವನು ಮೆದು ಕೂದಲಿನ ಒಂದು ಹಲ್ಲುಜ್ಜುವ ಬ್ರಷ್ ತಂದುಕೊಟ್ಟ.

"ಯಾರಾದ್ರೂ ಇಂಥದ್ದನ್ನ ಉಡುಗೊರೆ ಕೊಡ್ತಾರಾ ಡಾಕ್ಟ್ರೇ?"

"ಕೈಗೆ ಸಿಕ್ಕಿದ್ದು ಇದೇ. ಪೆನ್ನಿನ ಮುಚ್ಚಳಗಳ ಪ್ರಾಣ ಉಳೀಲಿ ಅಂತ."

ರೆಕಾರ್ಡಿಂಗ್ ಮುಗಿದ ಮೇಲೂ ಅವನು ಬರುತ್ತಲೇ ಇದ್ದ. ಒಮ್ಮೆ ಮರೆತ ಕೊಡೆಗೆ, ಇನ್ನೊಮ್ಮೆ ಮರೆಯದ ಕೊಡೆಗೆ. ಅವಳಿಗೆ ಮನೆಯಲ್ಲಿ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಹೇಳಿದರೆ ಹೊರಟುಹೋಗುತ್ತಾನೆ... ಹೇಳದಿದ್ದರೆ ಮೋಸ...

"ಕಾಲಿಗೆ ಚಕ್ರ ಕಟ್ಕೊಂಡಿದ್ದೀಯೇನೇ? ಒಂದು ಕಡೆ ಕೂತ್ಕೋ," ಎಂದು ಚಿಕ್ಕಮ್ಮ ಗದರಿ, ಸಂಗತಿಯನ್ನೆಲ್ಲ ಬಾಯಿ ಬಿಡಿಸಿದಳು. "ಹೇಳಿಬಿಡು. ಬೇರೆಯವರ ಬಾಯಿಂದ ಕೇಳಿದ್ರೆ ನಿನ್ನ ಮುಖ ನೋಡಲ್ಲ ಅವನು."

"ನಾಳೆ ಹೇಳ್ತೀನಿ ಚಿಕ್ಕಮ್ಮ."

ಮರುದಿನ ಅವಳು ಮೆಟ್ಟಿಲು ಹತ್ತುವಷ್ಟರಲ್ಲಿ ಕೆಲಸ ಕೆಟ್ಟಿತ್ತು.

ಅವನು ಮ್ಯಾನೇಜರ ಮೇಜಿನ ಮುಂದೆ ನಿಂತಿದ್ದ. ಕೈಯಲ್ಲಿ ಡಿಸ್ಕಿನ ಡಬ್ಬಿಗೆ ಅಂಟಿಸುವ ಬಣ್ಣದ ಹೊದಿಕೆ. ಅದರ ಮೇಲೆ ದಪ್ಪಕ್ಷರ: 'ಏಟು ತಿಂದ ಹುಡುಗ, ಅವನಿಗಾಗಿ ಅತ್ತ ಹುಡುಗಿ — ಒಂದೇ ಡಿಸ್ಕಿನಲ್ಲಿ'. ಕೆಳಗೆ ಅವಳ ಫೋಟೊ. ಕೆಲಸಕ್ಕೆ ಸೇರುವಾಗ ಅವಳು ಹೆಮ್ಮೆಗೆ ಹೇಳಿಕೊಂಡ ಮಾತನ್ನು ಮ್ಯಾನೇಜರು ಜೋಪಾನವಾಗಿ ಇಟ್ಟುಕೊಂಡಿದ್ದರು.

"ನೀವೇನಾ?"

ಅವಳು ಹೌದೆಂದು ತಲೆಯಾಡಿಸಿದಳು.

"ನಾನು ಎದೆ ಬಿಚ್ಚಿ ಹೇಳ್ತಾ ಕೂತಿದ್ದೆ. ನೀವು ರೆಕಾರ್ಡ್ ಮಾಡ್ಕೋತಾ ಕೂತಿದ್ರಿ."

"ಮೈಕ್ ಸರಿಸಿ ಹೇಳಿದ್ದನ್ನ ನಾನು ರೆಕಾರ್ಡ್ ಮಾಡಿಲ್ಲ... ನಿಜವಾಗ್ಲೂ ಹೇಳಬೇಕು ಅಂತಾನೇ ಇದ್ದೆ..."

"ಆಗ ನನ್ನ ಬಾಯಿಗೆ ನಿಮ್ಮ ಅಳು ತುರುಕಿದ್ರು. ಈಗ ನನ್ನ ಮಾತನ್ನೂ ತಗೊಂಡ್ರಿ. ಇನ್ನೇನು ಉಳೀತು?"

ಹೊದಿಕೆಯನ್ನು ಮೇಜಿನ ಮೇಲಿಟ್ಟು ಇಳಿದುಹೋದ. ಕೂಗಾಡಿದ್ದರೆ ಅವಳಿಗೆ ಅಷ್ಟು ನೋಯುತ್ತಿರಲಿಲ್ಲ.

*

ಬಿಡುಗಡೆಯ ದಿನ ಹತ್ತಿರವಾಗುತ್ತಿತ್ತು. ಅವಳು ಆ ಅಳುವನ್ನು ಇನ್ನೊಮ್ಮೆ ಹಾಕಿದಳು. ಎಲ್ಲಿಯೂ ಒಂದು ಗರಗರ ಇಲ್ಲ. ಎಷ್ಟು ಚೊಕ್ಕ ಮಾಡಿದ್ದಳೋ ಅಷ್ಟೇ ಅಸಹ್ಯವಾಯಿತು.

ಅವನು ಅಳಲಿಲ್ಲ. ಹಾಗಾದರೆ ಆ ಹೊತ್ತಿನಲ್ಲಿ ಅಲ್ಲಿ ಕೇಳಿಸಿದ್ದಾದರೂ ಏನು?

ಪ್ರಶ್ನೆ ಹೊಳೆದ ಕೂಡಲೇ ನೆಲಮಾಳಿಗೆಗೆ ಓಡಿದಳು. ಶೂಟಿಂಗ್ ನಡೆಯುವಾಗಲೂ ಧ್ವನಿ ಹಿಡಿಯುತ್ತಾರೆ. ಆಮೇಲೆ ಮಾತುಗಳನ್ನೆಲ್ಲ ಹೊಸದಾಗಿ ಕೊಡಿಸಿ, ಆ ಕಚ್ಚಾ ಧ್ವನಿಯನ್ನು ಮೂಲೆಗೆ ಎಸೆಯುತ್ತಾರೆ. ಫಿಲಂ ತೊಳೆಯುವ ಲ್ಯಾಬಿನಿಂದ ಬಂದ ತುಕ್ಕು ಹಿಡಿದ ಡಬ್ಬಗಳನ್ನು ಒಂದೊಂದಾಗಿ ತೆರೆದಳು. ಮೈಕೈಯೆಲ್ಲ ಧೂಳು. ಕೊನೆಗೆ ಆ ದೃಶ್ಯದ ಟೇಪು ಸಿಕ್ಕಿತು, ಸಿನಿಮಾದಲ್ಲಿ ಕತ್ತರಿಸಿ ಬಿಟ್ಟ ಚಿತ್ರದ ತುಣುಕೂ ಸಿಕ್ಕಿತು.

ಹೆಡ್‌ಫೋನ್ ಹಾಕಿಕೊಂಡು ಕೇಳಿದಳು. ಒಂದು ಸಲ ಕೇಳಿದಳು, ಇನ್ನೊಂದು ಸಲ ಕೇಳಿದಳು. ಆಮೇಲೆ ನೇರವಾಗಿ ಮ್ಯಾನೇಜರ ಕೋಣೆಗೆ ನುಗ್ಗಿ, ಜೀವನದಲ್ಲಿ ಮೊದಲ ಬಾರಿಗೆ ಗಂಟಲು ಏರಿಸಿ ಜಗಳವಾಡಿದಳು.

ಅವನ ಕ್ಲಿನಿಕ್ಕಿನಲ್ಲಿ ಮಕ್ಕಳು ತುಂಬಿದ್ದರು. ಬಾಗಿಲ ಬಳಿಯ ಮೇಜಿನ ಹಿಂದೆ ಒಬ್ಬ ಹಿರಿಯರು ಕೂತಿದ್ದರು. ಅಳುತ್ತಿದ್ದ ಒಂದು ಪುಟ್ಟ ಹುಡುಗಿಯ ಮುಂದೆ ಕೆನ್ನೆ ಉಬ್ಬಿಸಿ, ಕಣ್ಣು ಮೇಲೆ ಮಾಡಿ, ತಮ್ಮ ಹಲ್ಲಿನ ಸೆಟ್ಟನ್ನು ಒಳಗೇ ಕಟಕಟ ಕುಣಿಸುತ್ತಿದ್ದರು. ಹುಡುಗಿ ಅಳು ಮರೆತು ನಗತೊಡಗಿದಳು.

ಅವಳಿಗೆ ಗುರುತು ಸಿಕ್ಕಿತು. ಹೊಡೆಯೋ ಅಪ್ಪ.

"ಏನಮ್ಮಾ, ಹಲ್ಲುನೋವಾ?"

"ಇಲ್ಲ... ಆ ಸಿನಿಮಾದಲ್ಲಿ ನಿಮ್ಮ ಮಗನಿಗೆ ಧ್ವನಿ ಕೊಟ್ಟೋಳು ನಾನು."

ಹಿರಿಯರ ಮುಖದ ನಗು ಮೆಲ್ಲಗೆ ಇಳಿಯಿತು. ಒಳಗಿನಿಂದ ಮಾಸ್ಕ್ ಇಳಿಸುತ್ತ ಅವನು ಬಂದ.

"ಇಲ್ಲಿಗ್ಯಾಕೆ ಬಂದ್ರಿ? ಅಪ್ಪನ ಹತ್ರ ಆ ವಿಷಯ ಎತ್ತಬೇಡಿ."

"ನಿಮ್ಮ ಹತ್ರ ಕ್ಷಮೆ ಕೇಳೋಕೆ ಬಂದಿಲ್ಲ ಡಾಕ್ಟ್ರೇ. ನಿಮ್ಮದೊಂದು ವಸ್ತು ನಮ್ಮ ಹತ್ರ ಉಳಿದುಹೋಗಿತ್ತು, ಕೊಟ್ಟು ಹೋಗ್ತೀನಿ. ಇಬ್ಬರೂ ಕೇಳಿ."

ಒಳಕೋಣೆಯಲ್ಲಿ ಅವಳು ಸಣ್ಣ ಯಂತ್ರವನ್ನು ಮೇಜಿನ ಮೇಲಿಟ್ಟು ಗುಂಡಿ ಒತ್ತಿದಳು.

ಗರಗರ ಸದ್ದು. ಅದನ್ನು ಅವಳು ಬೇಕೆಂದೇ ಹಾಗೇ ಬಿಟ್ಟಿದ್ದಳು. ಚಟಾರನೆ ಏಟು. ಆಮೇಲೆ ಏನೂ ಇಲ್ಲ. ಯಾರದೋ ಉಸಿರು. ಆಮೇಲೆ ಒಂದು ಸಣ್ಣ ದನಿ, ಯಾವ ಸಿನಿಮಾದಲ್ಲೂ ಯಾರೂ ಕೇಳಿರದ ದನಿ:

"ಅಪ್ಪಾ... ನಿನ್ ಕೈ ನೋಯ್ತಾ?"

"ಇಲ್ಲ ಮರಿ... ಇಲ್ಲ..." ಗಂಡಸಿನ ದನಿ ಅರ್ಧಕ್ಕೆ ಒಡೆಯಿತು. ದೂರದಿಂದ ಯಾರೋ 'ಕಟ್' ಎಂದರು.



"ಹೀಗಂದಿದ್ನಾ..." ಹಿರಿಯರು ತಮ್ಮ ಬಲಗೈಯನ್ನೇ ನೋಡಿಕೊಳ್ಳುತ್ತಿದ್ದರು. "ಸಿನಿಮಾ ನೋಡಿ ನೋಡಿ, ಇವನು ಅತ್ತಿದ್ದ ಅಂತಾನೇ ನನಗೂ ನಂಬಿಕೆ ಬಂದುಬಿಟ್ಟಿತ್ತು. ಇಷ್ಟು ವರ್ಷ ಕಣ್ಣು ಮುಚ್ಚಿದ್ರೆ ಆ ಅಳುವೇ ಕೇಳ್ತಿತ್ತು ಕಣಮ್ಮ."

"ನನಗೂ ಮರೆತುಹೋಗಿತ್ತಪ್ಪ," ಎಂದ ಅವನು. ಅಪ್ಪನ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ.

ಅವಳು ತಲೆ ತಗ್ಗಿಸಿಯೇ ಹೇಳಿದಳು. "ಮ್ಯಾನೇಜರನ್ನ ಒಪ್ಪಿಸಿದ್ದೀನಿ. ಡಿಸ್ಕಲ್ಲಿ ಎರಡು ಧ್ವನಿ ಇರುತ್ತೆ, ಹಳೇದು ಒಂದು, ಇದು ಒಂದು. ನೋಡೋರು ಆರಿಸ್ಕೋಬಹುದು. ಕತ್ತರಿಸಿದ ತುಣುಕೂ ಸೇರುತ್ತೆ. ಡಬ್ಬಿ ಮೇಲಿಂದ ನನ್ನ ಫೋಟೊ ತೆಗೆಸಿದ್ದೀನಿ. ಆದ್ರೆ ನೀವಿಬ್ಬರೂ ಹೂಂ ಅಂದ್ರೆ ಮಾತ್ರ. ಬೇಡ ಅಂದ್ರೆ ಈ ಟೇಪು ನಿಮ್ಮ ಮನೇಲೇ ಇರಲಿ."

ಅವನು ಅಪ್ಪನ ಮುಖ ನೋಡಿದ.

"ಬರಲಿ ಬಿಡು," ಎಂದರು ಹಿರಿಯರು. "ಆದ್ರೆ ಏಟಿನ ಸದ್ದು ಕಮ್ಮಿ ಮಾಡಬೇಡಮ್ಮ. ನಾನು ಹೊಡೆದಿದ್ದು ನಿಜ. ಅದು ಹೇಗಿತ್ತೋ ಹಾಗೇ ಇರಲಿ. ಇವನು ಕೇಳಿದ್ದೂ ಕೇಳಿಸಲಿ."

ಹೊರಗೆ ಮಕ್ಕಳ ಗಲಾಟೆ ಜೋರಾಗಿತ್ತು. ಹಿರಿಯರು ಕಣ್ಣೊರೆಸಿಕೊಂಡು, ಹಲ್ಲಿನ ಸೆಟ್ಟು ಸರಿಮಾಡಿಕೊಂಡು, ಬಾಗಿಲೆಳೆದುಕೊಂಡು ಹೋದರು.

ಅವಳು ಯಂತ್ರವನ್ನು ಚೀಲಕ್ಕೆ ತುಂಬಿಕೊಂಡಳು. ವೈರನ್ನು ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

"ನಾನು ಬರ್ತೀನಿ ಡಾಕ್ಟ್ರೇ."

"ಒಂದು ನಿಮಿಷ." ಅವನು ಅವಳ ಕೈಯಿಂದ ವೈರು ತೆಗೆದುಕೊಂಡ. "ಅವತ್ತು ನಿನ್ನನ್ನ ಯಾರು ಹೊಡೆದ್ರು?"

'ನೀವು' ಹೋಗಿ 'ನೀನು' ಬಂದದ್ದನ್ನು ಕಿವಿ ಎಂದು ಹೆಸರಾದವಳು ಗಮನಿಸದೆ ಬಿಟ್ಟಾಳೆಯೇ? ಆದರೆ ಅವನ ಕಣ್ಣಲ್ಲಿ ತುಂಟತನವಿರಲಿಲ್ಲ. ಎಷ್ಟೋ ವರ್ಷಗಳಿಂದ ಕೊರೆಯುತ್ತಿದ್ದ ಪ್ರಶ್ನೆಯನ್ನು ಅವನು ಸರಿಯಾದ ವಿಳಾಸಕ್ಕೆ ತಲುಪಿಸಿದ್ದ.

"ಯಾರೂ ಹೊಡೀಲಿಲ್ಲ," ಎಂದಳು. "ಅಳು ಅಂದ್ರು, ನನಗೆ ಬರಲಿಲ್ಲ. ಚಿಕ್ಕಮ್ಮ ಪುಸಲಾಯಿಸಿದ್ರೂ ಬರಲಿಲ್ಲ. ಆಮೇಲೆ ಪರದೆ ಮೇಲೆ, ಗೋಡೆ ಕಡೆ ತಿರುಗೋ ಮೊದಲು, ನಿಮ್ಮ ಮುಖ ಬಂತು. ಅಷ್ಟು ಜೋರಾಗಿ ಏಟು ಬಿದ್ದಿದೆ, ನೀವು ತುಟಿ ಕಚ್ಕೊಂಡು ಸುಮ್ಮನೆ ನಿಂತಿದ್ದೀರ. ಅದನ್ನ ನೋಡೋಕಾಗಲಿಲ್ಲ... ಯಾರಾದ್ರೂ ಒಬ್ಬರು ಅಳಬೇಕಿತ್ತಲ್ಲ."

ಅವನು ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡ. ಅವನ ಹೆಗಲು ಅಲುಗುವುದು ಅವಳಿಗೆ ಕಂಡಿತು, ಆಮೇಲೆ ಅಳು ಸಣ್ಣಗೆ ಕೇಳಿಸಿತು. ಅವಳು ಹತ್ತಿರ ಹೋಗಿ ಅವನ ಬೆನ್ನ ಮೇಲೆ ಕೈಯಿಟ್ಟಳು.

"ಕೇಳಿಸ್ತಾ ಇದೆಯಾ?" ಮುಖ ತಿರುಗಿಸದೆಯೇ ಕೇಳಿದ.

"ಹೂಂ."

"ಹೇಗಿದೆ?"

"ಚೆನ್ನಾಗಿಲ್ಲ. ಇನ್ನು ಮುಂದೆ ಅಳೋದೆಲ್ಲ ನನಗೇ ಬಿಟ್ಟುಬಿಡು."

"ಇಲ್ಲ," ಎಂದು ಅವನು ತಿರುಗಿ ಅವಳ ಕೈ ಹಿಡಿದ. "ಇನ್ನು ಮುಂದೆ ಅರ್ಧ ಅರ್ಧ."