ಬಂಡೆಮ್ಮ ಕಟ್ಟಿದ ಗಂಟು

"ಏನರ ಮಾಡ್ರಿ ಸಾಹೇಬ್ರ, ಆ ಗಂಟು ಬಿಚ್ಚಿ ನೋಡದ 'ಇಲ್ಲ' ಅಂತ ಮಾತ್ರ ಬರೀಬ್ಯಾಡ್ರಿ."

ರಿಕಾರ್ಡ್ ಕೋಣೆಯ ಮುದುಕ ಹಂಪಯ್ಯ ಇದನ್ನು ಹೇಳಿದ್ದು ಒಂದೇ ಸಲ. ಅದೂ ಎಷ್ಟು ಮೆಲ್ಲಗೆಂದರೆ, ಪಕ್ಕದಲ್ಲಿ ಕೂತ ಸೊಳ್ಳೆ ಕೂಡ ಕಿವಿಗೊಟ್ಟು ಕೇಳಬೇಕು. ಹೇಳಿ ಸುಮ್ಮನೆ ನಕ್ಕ.

ಕೇದಾರನೂ ನಕ್ಕ. ಅವನದು ಜೋರು ನಗು. ರ್‍ಯಾಕಿನ ಮೇಲಿನ ಧೂಳು ಉದುರಿತು.

ಅದು ಹೈಟೆಕ್ ಸಿಟಿ ಎದ್ದು ನಿಂತ ಹೊಸತು. ಹೈದರಾಬಾದಿಗೆ ಹೈದರಾಬಾದೇ ಕಂಪ್ಯೂಟರಿನ ಹುಚ್ಚು ಹಿಡಿಸಿಕೊಂಡಿತ್ತು. ಇಡ್ಲಿ ಬಂಡಿಯ ಮೇಲೂ 'ಡಾಟ್ ಕಾಮ್' ಎಂದು ಬರೆಸಿದ್ದರು. ನಾಂಪಲ್ಲಿಯ ಒಂದು ಸರ್ಕಾರಿ ಕಚೇರಿಗೂ ಆ ಹುಚ್ಚು ತಗಲಿ, ತನ್ನ ಹಳೆಯ ಕಾಗದಗಳನ್ನೆಲ್ಲ ಕಂಪ್ಯೂಟರಿಗೆ ತುಂಬಲು ಗುತ್ತಿಗೆ ಕೊಟ್ಟಿತ್ತು. ಆ ಗುತ್ತಿಗೆದಾರನ ಕಡೆಯಿಂದ ಬಂದವನು ಗುಲ್ಬರ್ಗಾದ ಕೇದಾರ. ಕುಷಾಯಿಗೂಡದಲ್ಲಿ ಬಾಡಿಗೆ ಕೋಣೆ. ಊರಲ್ಲಿ ಅಕ್ಕ ಹರ್ಷದಾ ಒಬ್ಬಳೇ ದಿಕ್ಕು. ಭಾನುವಾರ ಎಸ್‌ಟಿಡಿ ಬೂತಿನಿಂದ ಅವಳಿಗೆ ಫೋನು. ವಾರಕ್ಕೆಲ್ಲ ಅವನು ಬಾಯಿತುಂಬ ಮಾತಾಡುತ್ತಿದ್ದದ್ದು ಆ ಹತ್ತು ನಿಮಿಷವೇ.

ಕಚೇರಿಯ ಹಿಂದಿನ ರಿಕಾರ್ಡ್ ಕೋಣೆಗೆ ಕಿಟಕಿಯಿರಲಿಲ್ಲ. ಸೂರಿನವರೆಗೂ ಕಬ್ಬಿಣದ ರ್‍ಯಾಕು, ರ್‍ಯಾಕಿನ ತುಂಬ ಕೆಂಪು ಬಟ್ಟೆಯಲ್ಲಿ ಕಟ್ಟಿದ ಕಾಗದದ ಗಂಟು. ಅದಕ್ಕೆ ಬಸ್ತಾ ಎನ್ನುತ್ತಾರೆ. ಒಳಗೆ ಇಲಿ ಹಿಕ್ಕೆಯ ವಾಸನೆ, ಹುಳಿತ ಅಂಟಿನ ವಾಸನೆ. ಮೂಲೆಯ ಒಂದು ಬಸ್ತಾದಿಂದ ಮಾತ್ರ ಸುಟ್ಟ ಕೂದಲಿನ ಕಮಟು ಬರುತ್ತಿತ್ತು. ಅದಕ್ಕೆ ಸುತ್ತಿದ್ದದ್ದು ದಾರವಲ್ಲ, ಹೆಂಗಸಿನ ಉದ್ದ ಕೂದಲು. ಏಳು ಗಂಟು. ಒಂದೊಂದು ಗಂಟಿಗೂ ಮೆತ್ತಿದ ಕುಂಕುಮ ಒಣಗಿ ಕರ್ರಗಾಗಿತ್ತು.

"ಯಾರ ಮಾಟಾರಿ ಇದು?" ಎಂದು ಕೇದಾರ ಮೂಗು ಮುಚ್ಚಿಕೊಂಡ.

"ಬಂಡೆಮ್ಮಂದು. ಲಿಂಗಸೂಗೂರ ಕಡೆಯಾಕಿ. ಗಂಡ ಸರ್ಕಾರಿ ಕಟ್ಟಡದ ಮ್ಯಾಲಿಂದ ಬಿದ್ದು ಸತ್ತ. ಅವ ಇಲ್ಲಿ ದುಡದಿದ್ದ ಅಂತ ಒಂದು ಕಾಗದ ಬರಕೊಡ್ರಿ ಅಂತ ಹನ್ನೊಂದು ವರ್ಷ ಈ ಬಾಗಲದಾಗ ಕುಂತ್ಳು. ಬಸ್ತಾ ಇಲ್ಲೇ ಇತ್ತು. ಗುಮಾಸ್ತ ಬಿಚ್ಚಲಿಲ್ಲ. ಅಂಥಾ ಮನಷ್ಯಾನ ಇಲ್ಲ ಅಂತ ಬರದ. ಆಕಿ ಒಳಗ ನುಗ್ಗಿ, ತನ್ನ ಕೂದಲಾ ಕಿತ್ತು ಗಂಟು ಹಾಕಿದ್ಳು. ಬಿಚ್ಚಿ ನೋಡದ ಇಲ್ಲ ಅಂದಾವ ತಾನೂ ಇಲ್ಲ ಆಗಲಿ, ಅಂದ್ಳು."

"ಗುಮಾಸ್ತಗ ಏನಾತು ಮತ್ತ?"

"ಕೆಲಸ ಮಾಡಾಕತ್ತಾನ್ರಿ ಇನ್ನೂ."

ಅಷ್ಟರಲ್ಲಿ ಚಹಾದ ಮಲ್ಲಣ್ಣ ಕೆಟಲು ಹಿಡಿದು ಬಂದ. ಅವನು ಒಂದೇ ಗ್ಲಾಸು ಇಟ್ಟ.

"ಎರಡು ಕೊಡೋ ಮಾರಾಯ."

"ಒಬ್ಬರ ಎರಡು ಕುಡೀತೀರೇನ್ರಿ? ಪಿತ್ತ ಆದೀತು!" ಎಂದು ಮಲ್ಲಣ್ಣ ನಗುತ್ತ ಹೋದ. ಕೇದಾರ ಅದನ್ನು ಚೇಷ್ಟೆ ಅಂದುಕೊಂಡ. ಹಂಪಯ್ಯ ಆ ಒಂದು ಗ್ಲಾಸಿನ ಹಬೆಯನ್ನೇ ನೋಡುತ್ತ ಕೂತಿದ್ದ.

ಶನಿವಾರ ಸಂಜೆಗೆ ಕೆಲಸ ಮುಗಿಯಬೇಕಿತ್ತು. ನಾಲ್ಕೂವರೆಗೆ ಉಳಿದದ್ದು ಅದೊಂದೇ ಬಸ್ತಾ. ಅದನ್ನು ಮುಟ್ಟಲು ಹೇಸಿಗೆಯಾಯಿತು. 'ಒಳಗಿರುವ ಹೆಸರು' ಎಂದು ಪರದೆ ಕೇಳಿತು. ಕೇದಾರ ಹಂಪಯ್ಯನ ಕಡೆ ನೋಡಿ ಕಣ್ಣು ಹೊಡೆದ. 'ಇಲ್ಲ' ಎಂದು ಬರೆದು ಗುಂಡಿ ಒತ್ತಿದ.

ಸುಟ್ಟ ಕೂದಲಿನ ವಾಸನೆ ಫಟ್ಟನೆ ನಿಂತುಹೋಯಿತು. ಕೇದಾರ ಬೆರಳು ಮೂಸಿದ. ಅದೀಗ ಅವನ ಕೈಯಲ್ಲಿತ್ತು.

ಕುಷಾಯಿಗೂಡದಲ್ಲಿ ಅವನ ಬಾಗಿಲಿಗೆ ತುಕ್ಕು ಹಿಡಿದ ಬೀಗ, ಮೇಲೊಂದು 'ಬಾಡಿಗೆಗಿದೆ' ಹಲಗೆ. ಮನೆಯೊಡತಿ ಗುರುದೇವಿ ಅಕ್ಕಿ ಆರಿಸುತ್ತ ತಲೆಯೆತ್ತಿದಳು. "ಯಾರು ಬೇಕಾಗಿತ್ರಿ? ಈ ಖೋಲಿ ವರ್ಷದಿಂದ ಖಾಲಿ ಐತಿ."

"ಆಂಟಿ, ನಾನ್ರೀ ಕೇದಾರ! ನಿನ್ನೆ ಚಟ್ನಿಪುಡಿ ಕೊಟ್ಟಿದ್ರಲ್ಲ?"

"ಕುಡದಿಯೇನಪಾ?" ಎಂದು ಅವಳು ಮೊರ ಎತ್ತಿಕೊಂಡು ಒಳಗೆ ಹೋಗಿ ಚಿಲಕ ಹಾಕಿದಳು.

ಅವನು ಬೂತಿಗೆ ಓಡಿದ. ರಿಸೀವರು ಕಿವಿಗೆ ತಣ್ಣಗೆ ತಗುಲಿತು. ಆ ಕಡೆ ಅಕ್ಕನ ದನಿ ಕೇಳಿ ಅವನಿಗೆ ಅಳು ಬಂತು.

"ಅಕ್ಕಾ, ನಾನು ಕೇದಾರ."

"ಯಾವ ಕೇದಾರರೀ?"

"ನಿನ್ನ ತಮ್ಮ! ನಿನ್ನ ಮದುವ್ಯಾಗ ಬುಂದಿ ಬುಟ್ಟಿ ಮ್ಯಾಲೆ ಬಿದ್ದಿದ್ದೆನಲ್ಲ!"

ಆಚೆ ಅಕ್ಕ ನಕ್ಕಳು. "ಅಯ್ಯ, ಆ ಬುಟ್ಟಿ ಬೆಕ್ಕು ಕೆಡವಿತ್ರಿ. ನಿಮಗ್ಯಾರು ಹೇಳಿದ್ರು? ನನಗ ತಮ್ಮ ಇಲ್ರೀ. ನಮ್ಮಪ್ಪಗ ನಾನೊಬ್ಬಾಕಿನ."

"ಅಕ್ಕಾ..."

"ಹಲೋ? ಹಲೋ? ಯಾರೂ ಮಾತಾಡವಲ್ರಲ್ಲ..."

ಫೋನು ಸತ್ತಿತು. ಬೂತಿನವನು ಎದ್ದು ಬಂದು, ಖಾಲಿ ಬೂತಿನ ದೀಪ ಆರಿಸಿದ. ಒಳಗೆ ಕೇದಾರ ನಿಂತಿದ್ದ.

ಕಚೇರಿಗೆ ಮರಳಲು ಹತ್ತಿದ ನಾಂಪಲ್ಲಿಯ ಬಸ್ಸಿನಲ್ಲಿ ಕಂಡಕ್ಟರು ಟಿಕೆಟು ಕೇಳಲಿಲ್ಲ. ದಪ್ಪನೆಯ ಹೆಂಗಸೊಬ್ಬಳು ತರಕಾರಿ ಚೀಲ ತಂದು ಅವನ ತೊಡೆಯ ಮೇಲೇ ಇಟ್ಟಳು. ಚೀಲ ಸೀಟಿಗೇ ತಾಗಿ ಕೂತಿತು. ಅಲ್ಲಿ ತೊಡೆಯೇ ಇರಲಿಲ್ಲ.

ಕೋಣೆ. ಕತ್ತಲೆ. ಮೂಲೆ. ಬಸ್ತಾ.

ಉಗುರಿನಿಂದ ಜಗ್ಗಿದ. ಹಲ್ಲಿನಿಂದ ಕಚ್ಚಿದ. ಕೂದಲು ನಾಲಗೆಗೆ ಸುತ್ತಿತು. ಒಂದು ಗಂಟು. ಮೂರು. ಏಳು. ಒಳಗೆ ಒಂದೇ ಹಾಳೆ. ಒಂದು ಹೆಬ್ಬೆಟ್ಟಿನ ಗುರುತು. ಹುಲಗೇಶ. ಬಂಡೆಮ್ಮನ ಗಂಡ. ಕಲ್ಲು ಹೊರುವ ಕೆಲಸ. ಹುಲಗೇಶ! ಇದ್ದ! ಅವನಿದ್ದ! ಕಂಪ್ಯೂಟರಿಗೆ ಓಡಿದ. 'ಹು' ಒತ್ತಿದ. ಗುಂಡಿ ಇಳಿಯಲಿಲ್ಲ. ಗುದ್ದಿದ. ಇಳಿಯಲಿಲ್ಲ. ಎರಡೂ ಕೈಯಿಂದ ಗುದ್ದಿದ. ಸದ್ದೇ ಇಲ್ಲ.

"ಇಳಿಯೂದಿಲ್ಲ ತಮ್ಮಾ," ಎಂದಿತು ಹಿಂದಿನಿಂದ ದನಿ. "ನಾನೂ ಮೂವತ್ತು ವರ್ಷದಿಂದ ದಿನಾ ಬಿಚ್ಚತೀನಿ. ದಿನಾ ಓದತೀನಿ. ಮುಂಜಾನಿಗೆ ಏಳೂ ಗಂಟು ಮತ್ತ ಬಿದ್ದಿರ್ತಾವ. ಬರಿಯೂಕಿಂತ ಮೊದಲ ಬಿಚ್ಚಬೇಕಾಗಿತ್ತು."

ಕೇದಾರ ತಿರುಗಿದ. ಗುಮಾಸ್ತ ಸ್ಟೂಲಿನ ಮೇಲೆ ಕೂತಿದ್ದ. ಹಂಪಯ್ಯನೇ.

"ನೀನ... ಈ ಕೋಣ್ಯಾಗ ಬಂದವರಿಗೆ ಅಷ್ಟ ಕಾಣ್ತೀಯೇನು?"

"ಅಷ್ಟ. ಇನ್ನ ನೀನೂ."

"ಮತ್ತ ಜೋರಾಗಿ ಹೇಳಬಾರದಿತ್ತೇನೋ! ಹತ್ತು ಸಲ ಹೇಳಬಾರದಿತ್ತೇನು! ಕೈ ಹಿಡದು ಬಿಡಿಸಬಾರದಿತ್ತೇನು!"

ಹಂಪಯ್ಯ ಬಗ್ಗಿ, ನೆಲಕ್ಕೆ ಬಿದ್ದ ಕೂದಲನ್ನು ಆಯ್ದುಕೊಂಡ.

"ಮೂವತ್ತು ವರ್ಷ, ತಮ್ಮಾ," ಎಂದ. "ಇಲ್ಲಿ ನಾ ಒಬ್ಬನ ಕುಂತಿದ್ದೆ."

ಕೇದಾರನೇ ಇಲ್ಲವೆಂದ ಮೇಲೆ ಅವನು ಬರೆದದ್ದೂ ಇರಲಿಲ್ಲ. ಕಂಪ್ಯೂಟರು ಬೋಳು ಬೋಳು. ಗುತ್ತಿಗೆದಾರ ತಲೆ ಕೆರೆದುಕೊಂಡು, ಮೊದಲಿನಿಂದ ಕೆಲಸ ಹಿಡಿಸಲು ಮರು ಜನವರಿಗೆ ಉಮಾಶ್ರೀಯನ್ನು ಕಳಿಸಿದ. ಆಚೆ ನುಮಾಯಿಷ್ ಎಂಬ ವಸ್ತುಪ್ರದರ್ಶನದ ಮೈಕು ಕೂಗುತ್ತಿತ್ತು. ಜಾತ್ರೆಯಷ್ಟು ಜನ ಗೋಡೆಯಾಚೆ ಹೋಗುತ್ತಿದ್ದರು. ಆ ಹುಡುಗಿ ಬಂದವಳೇ ವಟವಟ ಶುರುಮಾಡಿದಳು. ಸಿನಿಮಾ, ಬಸ್ಸು, ಅವ್ವನ ಮೊಣಕಾಲು ನೋವು. ಕೇದಾರ ನೀರು ಕುಡಿದ ಹಾಗೆ ಕೇಳಿದ. ಒಂದು ವರ್ಷದಿಂದ ಯಾರೂ ಅವನ ಮುಖ ನೋಡಿ ಮಾತಾಡಿರಲಿಲ್ಲ, ಆ ಮುದುಕನ ಹೊರತು.

"ಮಲ್ಲಣ್ಣಾ, ಮೂರು ಚಾ ಕೊಡು!"

"ಮೂರು ಯಾರಿಗವ್ವಾ?" ಎಂದು ಮಲ್ಲಣ್ಣ ನಕ್ಕ. ಒಂದು ಗ್ಲಾಸು ಇಟ್ಟು ಹೋದ.

ಸಂಜೆ ಅವಳು ಮೂಲೆಯ ಬಸ್ತಾ ಕಂಡು ಮೂಗು ಮುಚ್ಚಿಕೊಂಡಳು. "ಥೂ, ಏನ್ರಿ ಇದು ಹೊಲಸು?" ಅವಳ ಕೈ ಗುಂಡಿಯ ಕಡೆ ಹೋಯಿತು.

ಹಂಪಯ್ಯ ಕೇದಾರನನ್ನು ನೋಡಿದ. ಕೇದಾರ ಎದ್ದ. ಅವಳ ಹತ್ತಿರ ಹೋದ.

ಹೇಳಿದ. ಒಂದೇ ಸಲ.

ಬಹಳ ಮೆಲ್ಲಗೆ.