ಬಾಗಿಲು ಬಡಿದವಳು

ಶಾಲೆಯಲ್ಲಿ ಅವನಿಗೆ ‘ಬೀಗ’ ಎಂದು ಅಡ್ಡಹೆಸರಿತ್ತು. ಅವನು ತರಗತಿಯೊಳಗೆ ಕಾಲಿಟ್ಟರೆ ಸಾಕು, ಹಿಂದಿನ ಬೆಂಚಿನಿಂದ ಯಾರಾದರೂ “ಬಾಗಿಲು ತೆಗೆದಿಡ್ರೋ, ಬೀಗ ಬಂದ” ಎಂದು ಕೂಗುತ್ತಿದ್ದರು. ಒಂದು ಸಲ ಮೇಷ್ಟರೂ ನಕ್ಕುಬಿಟ್ಟಿದ್ದರು. ಹುಡುಗರ ಕೂಗನ್ನು ಅವನು ಎಂದೋ ಮರೆತಿದ್ದ, ಮೇಷ್ಟರ ಆ ನಗುವನ್ನು ಮಾತ್ರ ತಲೆ ನರೆತರೂ ಮರೆತಿರಲಿಲ್ಲ.

ಅವನ ತಂದೆ ನೂಲಿನ ಗಿರಣಿಯ ಕಾವಲುಗಾರ. ಹತ್ತಿಯ ಗೋದಾಮಿಗೂ ನೂಲುವ ಹಾಲಿಗೂ ನಡುವೆ ಒಂದು ಕಬ್ಬಿಣದ ಬಾಗಿಲಿತ್ತು. ಎರಡೂ ಕಡೆಯಿಂದ ಹಾಕಬಹುದಾಗಿದ್ದ ಅದರ ಬೀಗದ ಕೈ ತಂದೆಯ ಸೊಂಟದಲ್ಲಿರುತ್ತಿತ್ತು. ಗೋದಾಮಿಗೆ ಬೆಂಕಿ ಬಿದ್ದ ದಿನ ಆ ಬಾಗಿಲಿಗೆ ಬೀಗ ಬಿತ್ತು. ಗೋದಾಮಿನೊಳಗೆ ಸಿಕ್ಕಿಕೊಂಡವರಲ್ಲಿ ಒಬ್ಬರೂ ಉಳಿಯಲಿಲ್ಲ. ಆಮೇಲೆ ಇಡೀ ಗಿರಣಿಯೇ ಕುಸಿದುಬಿತ್ತು. ಬೂದಿ ಕೆದಕಿದವರಿಗೆ ಕಾವಲುಗಾರನೂ ಸಿಕ್ಕಿದ, ಬೀಗದ ಕೈಯೂ ಸಿಕ್ಕಿತು. ಮಾಲೀಕರ ಯಂತ್ರಗಳನ್ನು ಉಳಿಸಲು ಕೂಲಿಯವರನ್ನು ಒಳಗೆ ಕೂಡಿ ಬೀಗ ಜಡಿದ, ಓಡುವಾಗ ಸೂರು ಕುಸಿದು ತಾನೂ ಸತ್ತ, ಪಾಪ ಅಲ್ಲಿಗಲ್ಲಿಗೇ ತೀರಿತು ಎಂದು ಜನ ತೀರ್ಪು ಕೊಟ್ಟರು. ಜನರ ತೀರ್ಪಿಗೆ ಮೇಲ್ಮನವಿ ಎಲ್ಲಿದೆ?

ತಾಯಿ ಆಗ ನೂಲುವ ಹಾಲಿನಲ್ಲಿ ಕೆಲಸಕ್ಕಿದ್ದಳು. ಪಕ್ಕದಲ್ಲಿ, ಕೆಲಸದ ಹೆಂಗಸರು ಮಕ್ಕಳನ್ನು ಬಿಡುತ್ತಿದ್ದ ಕೂಸಿನ ಕೋಣೆಯಲ್ಲಿ ಮಲಗಿದ್ದ ಅವನನ್ನು ಎದೆಗವುಚಿಕೊಂಡು ಹೊರಗೆ ಓಡಿ ಬಂದಿದ್ದಳು. ಸುಟ್ಟು ಕಪ್ಪಾದ ಆ ಬೀಗದ ಕೈಯನ್ನು ಅಡುಗೆಮನೆಯ ಮೊಳೆಯೊಂದಕ್ಕೆ ತಗುಲಿಹಾಕಿದ್ದಳು. ನೀರು ಕುಡಿಯಲು ಹೋದಾಗಲೆಲ್ಲ ಅದು ಅವನ ಕಣ್ಣಿಗೆ ಬೀಳುತ್ತಿತ್ತು. ಎಸೆದುಬಿಡಮ್ಮ ಎಂದು ಎಷ್ಟೋ ಸಲ ಜಗಳ ಕಾದಿದ್ದ.

“ನಿನ್ನಪ್ಪ ಅಂಥೋರಲ್ಲ ಕಂದಾ” ಎಂದಷ್ಟೇ ಅವಳು ಹೇಳುತ್ತಿದ್ದಳು.

“ಮತ್ತೆ ಎಂಥೋರು?”

“ಕಾಲ ಬರ್ಲಿ. ಗೊತ್ತಾಗುತ್ತೆ.”

ಕಾಲ ಬರಲಿಲ್ಲ, ಅವನಿಗೆ ಕೆಲಸ ಬಂತು. ಹಳೆಯ ದನಿಗಳನ್ನು ಕಾಪಾಡುವ ಸಂಗ್ರಹಾಲಯದಲ್ಲಿ ಕೆಲಸ. ಬೂಸ್ಟು ಹಿಡಿದ ಕ್ಯಾಸೆಟ್ಟುಗಳನ್ನು ಒರೆಸಿ, ಕೊನೆಯ ಸಲ ಓಡಿಸಿ, ಅದರಲ್ಲಿದ್ದ ಮಾತನ್ನು ಕಂಪ್ಯೂಟರಿಗೆ ಇಳಿಸುವುದು. ಇಳಿಸಿದ್ದು ಕೆಡದಂತೆ ವರ್ಷಾನುವರ್ಷ ನೋಡಿಕೊಳ್ಳುವುದು. ಕೆಲಸ ಸಿಕ್ಕಿದ ದಿನ ತಾಯಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಖಾಯಂ ಕೆಲಸದ ಖುಷಿ ಎಂದುಕೊಂಡ. ಅಲ್ಲಿ ಎಲ್ಲರೂ ಅವನನ್ನು ‘ಡಾಕ್ಟ್ರು’ ಎಂದು ಕರೆಯತೊಡಗಿದರು. ಬೀಗ ಹೋಗಿ ಡಾಕ್ಟ್ರು ಆದದ್ದು ಅವನಿಗೆ ಹೊಸ ಜನ್ಮ ಬಂದಷ್ಟು ಹಿತವಾಗಿತ್ತು.

ಗಿರಣಿಯ ಕೆಲಸಗಾರರ ದನಿಗಳೂ ಅಲ್ಲಿದ್ದವು. ಬಹಳ ಹಿಂದೆ ಒಬ್ಬ ಮೇಡಂ ಮನೆಮನೆಗೆ ಹೋಗಿ ರೆಕಾರ್ಡು ಮಾಡಿದ್ದರಂತೆ. ಅದರಲ್ಲಿ ತಾಯಿಯ ಹಳೆಯ ಗೆಳತಿ, ನೂಲಜ್ಜಿ ಎಂದು ಎಲ್ಲರೂ ಕರೆಯುತ್ತಿದ್ದ ಮುದುಕಿಯದೊಂದು ಕ್ಯಾಸೆಟ್ಟು. ತಾನು ಸಾಯುವ ತನಕ ಇದನ್ನು ಯಾರಿಗೂ ಕೇಳಿಸಕೂಡದು ಎಂದು ಅಜ್ಜಿ ಷರತ್ತು ಹಾಕಿದ್ದಳು. ಅಂಥ ಕ್ಯಾಸೆಟ್ಟುಗಳನ್ನು ಇಳಿಸುವಾಗ ದನಿ ಸರಿಯಾಗಿ ಬರುತ್ತಿದೆಯೇ ಎಂದು ಮೊದಲ ಒಂದೆರಡು ಮಾತು ಕೇಳಿ, ಉಳಿದದ್ದನ್ನು ಪರದೆಯ ಮೇಲೆ ಏರಿಳಿಯುವ ಗೆರೆಯಲ್ಲೇ ನೋಡಿಕೊಳ್ಳುವುದು ಅಲ್ಲಿನ ಪದ್ಧತಿ. ಅವನೂ ಹಾಗೆಯೇ ಇಳಿಸಿ ಮುಚ್ಚಿಟ್ಟಿದ್ದ.

ಆ ವರ್ಷ ನೂಲಜ್ಜಿ ತೀರಿಕೊಂಡಳು. ಈಗಿನ ಮುಖ್ಯಸ್ಥೆ ಅವನ ಮೇಜಿನ ಬಳಿ ಬಂದರು.

“ಡಾಕ್ಟ್ರೇ, ನೂಲಜ್ಜಿದು ಇನ್ನು ತೆಗೀಬಹುದು. ಒಂದ್ಸಲ ಕೇಳಿ ನೋಡಿ. ಮುಂದಿನ ತಿಂಗಳು ಗಿರಣಿಯವರನ್ನೆಲ್ಲ ಕರೀತಿದ್ದೀವಲ್ಲ, ಸಭೇಲಿ ಮೊದಲು ಅದನ್ನೇ ಹಾಕೋಣ.”

ಅವನು ಹೆಡ್‌ಫೋನು ಹಾಕಿಕೊಂಡ. ಅಜ್ಜಿ ಮೊದಲು ನಕ್ಕಳು, ಕೆಮ್ಮಿದಳು, ತನ್ನ ಮದುವೆಯ ಮಾತಾಡಿದಳು. ನಡುವೆ ಎಲ್ಲೋ ದನಿ ಇಳಿಯಿತು. “ಬಾಗಿಲಿಗೆ ಬೀಗ ಹಾಕಿದ್ದು ಅವನೇ, ಬೇರೆ ಯಾರೂ ಅಲ್ಲ. ಬೀಗ ಬಿದ್ದ ಸದ್ದು ಈ ಕಿವಿಯಾರೆ ಕೇಳಿದೀನಿ. ಎರಡೂ ಕೈಯಲ್ಲಿ ಬಾಗಿಲು ಬಡಿದೆ. ತೆಗಿಯಪ್ಪಾ, ತೆಗಿಯಪ್ಪಾ ಅಂತ ಬಡಿದೆ. ತೆಗೀಲಿಲ್ಲ ಅವನು.”

ಹೆಡ್‌ಫೋನನ್ನು ಕಿತ್ತು ಮೇಜಿನ ಮೇಲಿಟ್ಟ. ಪರದೆಯ ಮೇಲೆ ಗೆರೆ ತುಂಬ ದೂರ ಮಟ್ಟಸವಾಗಿ ಮಲಗಿತ್ತು, ಆಮೇಲೆ ಸಣ್ಣಸಣ್ಣ ಏರಿಳಿತ. ಅದೇನೆಂದು ಅವನಿಗೆ ಕೇಳಿ ತಿಳಿಯಬೇಕಾಗಿರಲಿಲ್ಲ. ಇಂಥ ಸಾವಿರ ದನಿ ಕಂಡ ಕಣ್ಣು. ಮಟ್ಟಸವಾಗಿದ್ದುದು ಅಳು ನುಂಗಿಕೊಂಡ ಮೌನ, ಮುಂದಿನದ್ದು ಮೂಗೊರೆಸಿಕೊಂಡು ಆಡುವ ಮಕ್ಕಳು ಮೊಮ್ಮಕ್ಕಳ ಮಾತು. ಮುದುಕಿಯರ ಕ್ಯಾಸೆಟ್ಟುಗಳೆಲ್ಲ ಹಾಗೆಯೇ ಮುಗಿಯುತ್ತವೆ.

ಅಂದು ಮನೆಗೆ ಹೋದಾಗ ತಾಯಿಗೆ ಆಗಲೇ ಸಭೆಯ ಸುದ್ದಿ ಮುಟ್ಟಿತ್ತು. ಚಹಾದ ಲೋಟ ಅವನ ಕೈಗೆ ಕೊಟ್ಟು ಎದುರಿಗೇ ಕೂತಳು.

“ಆ ದಿನ ನನ್ನೂ ಕರ್ಕೊಂಡು ಹೋಗಪ್ಪ. ಅವಳ ದನಿ ಕೇಳ್ಬೇಕು.”

“ನಿನ್ನ ಕಾಲುನೋವಲ್ಲಿ ಅಲ್ಲೀವರೆಗೂ ಯಾಕಮ್ಮ?”

“ಕಾಲು ನೋಯುತ್ತೆ, ಕಿವಿ ನೋಯಲ್ವಲ್ಲ” ಎಂದು ಅವಳು ನಕ್ಕಳು.

ಅವಳು ಅಷ್ಟು ಹಗುರಾಗಿ ನಕ್ಕದ್ದನ್ನು ಅವನು ಕಂಡು ಎಷ್ಟೋ ಕಾಲವಾಗಿತ್ತು. ಆ ಸಭೆಯಲ್ಲಿ, ಸತ್ತವರ ಮನೆಯವರೆಲ್ಲರ ನಡುವೆ, ಇದೇ ಹೆಂಗಸು ತನ್ನ ಗೆಳತಿಯ ಬಾಯಿಂದಲೇ ಆ ಮಾತು ಕೇಳುತ್ತಾಳೆ. ಜೀವಮಾನವಿಡೀ ‘ಅಂಥೋರಲ್ಲ’ ಎಂಬ ಒಂದೇ ಮಾತನ್ನು ಊರುಗೋಲು ಮಾಡಿಕೊಂಡು ನಡೆದವಳು. ಅದನ್ನು ಕಿತ್ತುಕೊಂಡರೆ ಬಿದ್ದವಳು ಏಳುವುದಿಲ್ಲ. ಚಹಾ ಆರುವಷ್ಟರಲ್ಲಿ ಅವನು ನಿರ್ಧಾರ ಮಾಡಿಯಾಗಿತ್ತು.

ಸಂಗ್ರಹಾಲಯದಲ್ಲಿ ಒಂದು ದನಿಯನ್ನು ಅಳಿಸುವುದು ಹುಡುಗಾಟವಲ್ಲ. ಪ್ರತಿಯೊಂದಕ್ಕೂ ಮೂರು ಪ್ರತಿ. ಒಂದು ಅದೇ ಕಟ್ಟಡದಲ್ಲಿ, ಇನ್ನೊಂದು ಪೇಟೆಯ ಆಚೆ ತುದಿಯ ಕಟ್ಟಡದಲ್ಲಿ, ಮೂರನೆಯದು ಬೇರೆಯೇ ಊರಿನಲ್ಲಿ. ಬೆಂಕಿ ಬೀಳಲಿ, ನೆರೆ ಬರಲಿ, ಒಂದಾದರೂ ಉಳಿದೀತು ಎಂಬ ಲೆಕ್ಕ. ಅದೂ ಸಾಲದೆಂದು ಒಂದು ತಪಾಸಣೆ. ಭಾನುವಾರಕ್ಕೊಮ್ಮೆ ಯಂತ್ರವೇ ಮೂರನ್ನೂ ಹೋಲಿಸಿ ನೋಡುತ್ತದೆ. ಒಂದರಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಅದು ಕೆಟ್ಟಿದೆಯೆಂದು ತಿಳಿದು, ಉಳಿದೆರಡನ್ನು ನೋಡಿ ಅದನ್ನು ತಿದ್ದಿಬಿಡುತ್ತದೆ. ಒಂದನ್ನು ಹಾಳುಮಾಡಿದರೆ ಭಾನುವಾರ ಮತ್ತೆ ಎದ್ದು ಕೂರುತ್ತದೆ. ಮುಖ್ಯಸ್ಥೆಗೆ ಅದರ ಮೇಲೆ ಬಹಳ ಹೆಮ್ಮೆ. “ಮೂರು ಸಾಕ್ಷಿ ಇದ್ದ ಕಡೆ ಸುಳ್ಳು ನಿಲ್ಲಲ್ಲ” ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಸಾಕ್ಷಿಗಳಲ್ಲಿ ಇಬ್ಬರು ಸುಳ್ಳು ಹೇಳಿದರೆ? ಅಲ್ಲೇ ಇತ್ತು ಅವನ ಜಾಣತನ. ಎರಡು ಭಾನುವಾರಗಳ ನಡುವೆ ಎರಡು ಪ್ರತಿಗಳನ್ನು ಒಂದೇ ರೀತಿಯಲ್ಲಿ ಕೆಡಿಸಿದರೆ, ಯಂತ್ರದ ಕಣ್ಣಿಗೆ ಆ ಎರಡೇ ನಿಜ. ಎಲ್ಲೋ ದೂರದಲ್ಲಿ ಹುಷಾರಾಗಿ ಕೂತಿರುವ ಮೂರನೆಯದೇ ರೋಗಿ. ಅದನ್ನು ಕೊಲ್ಲುವ ಕೆಲಸ ಅವನದಲ್ಲ. ಕಾಪಾಡಲೆಂದು ಇಟ್ಟ ಯಂತ್ರವೇ, ಕಾಪಾಡುತ್ತಿದ್ದೇನೆ ಎಂದುಕೊಂಡೇ, ಅದನ್ನು ಮುಗಿಸುತ್ತದೆ.

ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ ಎಂದು ಅವನಿಗೆ ಗೊತ್ತಿತ್ತು. ಎಷ್ಟು ಮುದುಕರ ಕೆಮ್ಮನ್ನು, ಎಷ್ಟು ತಾಯಂದಿರ ಜೋಗುಳವನ್ನು ಅವನು ಕೂಸಿನಂತೆ ಕಾಪಾಡಿದ್ದ. ಆದರೆ ಸತ್ತ ಅಜ್ಜಿಯ ದನಿ ಒಂದು ಕಡೆ, ಬದುಕಿರುವ ತಾಯಿ ಇನ್ನೊಂದು ಕಡೆ. ತಕ್ಕಡಿ ಹಿಡಿಯಲೂ ಅವನು ಹೋಗಲಿಲ್ಲ.

ಕೆಲಸವನ್ನು ಅವಸರವಿಲ್ಲದೆ, ಹಾಡುಹಗಲಲ್ಲೇ ಮಾಡಿದ. ಎಲ್ಲರೂ ಊಟಕ್ಕೆ ಎದ್ದಾಗ ದನಿಯ ಮೊದಲ ಭಾಗವನ್ನು, ನಗು, ಕೆಮ್ಮು, ಮದುವೆಯ ಮಾತನ್ನು ಹಾಗೆಯೇ ಬಿಟ್ಟು, ಅಲ್ಲಿಂದ ಮುಂದಕ್ಕೆ ಮೆಲ್ಲಗೆ ಗೊರಗೊರ ಸದ್ದು ಏರುವಂತೆ, ದನಿ ಅದರಲ್ಲಿ ಮುಳುಗಿಹೋಗುವಂತೆ ಮಾಡಿದ. ಹಳೆಯ ಕ್ಯಾಸೆಟ್ಟು ಕೆಡುವುದೇ ಹಾಗೆ. ಒಮ್ಮೆಲೇ ಕತ್ತರಿಸಿದ್ದರೆ ಕಳ್ಳತನವಾಗುತ್ತಿತ್ತು, ಹೀಗೆ ಮಾಡಿದರೆ ವಯಸ್ಸಾದ ಲಕ್ಷಣ. ಪೇಟೆಯ ಆಚೆಯ ಕಟ್ಟಡದಲ್ಲಿ ಯಂತ್ರಗಳ ಧೂಳು ತೆಗೆಯುವ ಪಾಳಿ ಆ ವಾರ ಅವನದೇ ಆಗಿತ್ತು. ಅಲ್ಲಿನ ಕಾವಲುಗಾರ ಸಲಾಮು ಹೊಡೆದು, “ಏನ್ ಡಾಕ್ಟ್ರೇ, ಯಾರಿಗೆ ಹುಷಾರಿಲ್ಲ?” ಎಂದು ತಮಾಷೆ ಮಾಡಿದ. “ಒಬ್ಬ ಅಜ್ಜಿಗೆ” ಎಂದು ಇವನೂ ನಕ್ಕ. ಕೊನೆಗೆ ಮೂಲ ಕ್ಯಾಸೆಟ್ಟು. ಖಾಲಿ ಟೇಪುಗಳನ್ನು ಅಳಿಸಲು ಕಾರ್ಯಾಗಾರದಲ್ಲಿ ಅಯಸ್ಕಾಂತದ ಯಂತ್ರವಿತ್ತು. ಅದರ ಮೇಲೆ ಕ್ಯಾಸೆಟ್ಟನ್ನು ಒಮ್ಮೆ ಸವರಿ, ಮತ್ತೆ ಅದರ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಮತ್ತೆ ತಣ್ಣನೆಯ ಕೋಣೆಯ ಕಪಾಟಿನಲ್ಲಿಟ್ಟ. ಯಾವುದೂ ಕಳೆದಿಲ್ಲ, ಯಾವುದೂ ಮುರಿದಿಲ್ಲ.

ಸೋಮವಾರ ಬೆಳಿಗ್ಗೆ ಪರದೆಯ ಮೇಲೆ ಯಂತ್ರದ ವರದಿ ಕಾದಿತ್ತು: ದೂರದ ಊರಿನಲ್ಲಿ ಒಂದು ಪ್ರತಿ ಕೆಟ್ಟಿತ್ತು, ಸರಿಪಡಿಸಲಾಗಿದೆ. ಅವನು ಅದನ್ನು ಎರಡು ಸಲ ಓದಿದ. ಆಮೇಲೆ ಮುಖ್ಯಸ್ಥೆಯ ಕೋಣೆಗೆ ಹೋಗಿ, ನೂಲಜ್ಜಿಯ ದನಿ ನಡುವಿನಿಂದ ಕೆಟ್ಟಿದೆ, ಕ್ಯಾಸೆಟ್ಟನ್ನು ಇಳಿಸುವ ಮೊದಲೇ ಕೆಟ್ಟಿರಬೇಕು ಎಂದ. ಅವರು ಮೂರೂ ಪ್ರತಿಗಳನ್ನು ತಾವೇ ತೆಗೆದು ನೋಡಿದರು. ಮೂರೂ ಒಂದೇ. “ಅಯ್ಯೋ ಪಾಪ” ಎಂದರು. “ಹೋಗ್ಲಿ, ಇದ್ದಷ್ಟು ಹಾಕೋಣ. ನೀವೇನ್ ಮಾಡ್ತೀರಿ ಡಾಕ್ಟ್ರೇ, ಹೋದ ಜೀವ ಹೋದಂಗೆ.”

ಸಭೆಯ ದಿನ ತಾಯಿ ಇದ್ದುದರಲ್ಲೇ ಒಳ್ಳೆಯ ಬಟ್ಟೆ ಉಟ್ಟಿದ್ದಳು. ಮಡಿಲಲ್ಲಿ ಕೈಚೀಲ ಇಟ್ಟುಕೊಂಡು ಮೊದಲ ಸಾಲಿನಲ್ಲೇ ಕೂತಳು. ಸತ್ತವರ ಮನೆಯ ಕೆಲವರು ಅವಳನ್ನು ನೋಡಿ ಮುಖ ತಿರುಗಿಸಿದರು. ಅವಳು ಅವರಿಗೂ ನಮಸ್ಕಾರ ಮಾಡಿದಳು. ದನಿ ಶುರುವಾಯಿತು. ನೂಲಜ್ಜಿ ನಕ್ಕಾಗ ತಾಯಿಯೂ ನಕ್ಕಳು. ಗೊರಗೊರ ಏರತೊಡಗಿದಾಗ ಮುಂದಕ್ಕೆ ಬಾಗಿದಳು. ಹಿಂದಿನವರು ಪಿಸುಗುಟ್ಟಿದರು, ಯಾರೋ ಆಕಳಿಸಿದರು, ಮುಖ್ಯಸ್ಥೆ ಕ್ಷಮೆ ಕೇಳಿ ನಿಲ್ಲಿಸಲು ಹೋದರು.

“ನಿಲ್ಲಿಸಬೇಡಮ್ಮ” ಎಂದಳು ತಾಯಿ. “ಮುಂದೆ ಬರಬಹುದು.”

ಅವಳ ಮುಖ ನೋಡಿ ಯಾರೂ ನಿಲ್ಲಿಸಲಿಲ್ಲ. ಕೊನೆಯ ತನಕ ಅವಳು ಆ ಗೊರಗೊರವನ್ನೇ ಕೇಳಿದಳು. ಮುಗಿದ ಮೇಲೂ ಕಿವಿ ಆ ಕಡೆಗೇ ಇತ್ತು. ಜನ ಎದ್ದು ಹೋದರು, ಕುರ್ಚಿ ಮಡಚುವವರು ಬಂದರು. ಅವನು ಪಕ್ಕದಲ್ಲಿ ಕೂತು ಅವಳ ಭುಜದ ಮೇಲೆ ಕೈಯಿಟ್ಟ. ಉಳಿಸಿದೆ, ಅಮ್ಮನನ್ನು ಉಳಿಸಿಕೊಂಡೆ ಎಂದು ಅವನ ಮನಸ್ಸು ಒಳಗೊಳಗೇ ಹೇಳಿಕೊಳ್ಳುತ್ತಿತ್ತು.

“ಇದಕ್ಕೇ ಕಾದಿದ್ದೆ ಕಣೋ” ಎಂದಳು. “ಅವಳೇ ನನಗೆ ಹೇಳಿದ್ಲು. ‘ನಾನು ಸತ್ತ ಮೇಲೆ ನಿನ್ನ ಗಂಡನ ಹೆಸರು ಶುದ್ಧ ಆಗುತ್ತೆ, ಅಲ್ಲೀತನಕ ಬಾಯಿ ಬಿಡಬೇಡ, ತಪ್ಪನ್ನೆಲ್ಲ ಅವನ ತಲೆಗೆ ಕಟ್ಟಿದ ಮಾಲೀಕರಿಗೆ ಗೊತ್ತಾದ್ರೆ ಅವರ ಹತ್ರ ಕೆಲಸಕ್ಕಿರೋ ನನ್ನ ಮಕ್ಕಳ ಅನ್ನಕ್ಕೆ ಕಲ್ಲು ಬೀಳುತ್ತೆ’ ಅಂತ ಆಣೆ ಹಾಕಿಸ್ಕೊಂಡ್ಲು. ನಿನಗೂ ಹೇಳಲಿಲ್ಲ. ನಾನು ಹೇಳಿದ್ರೆ ಹೆಂಡ್ತಿ ಮಾತು ಅಂತಾರೆ. ಅವಳ ಬಾಯಿಂದಲೇ ಬಂದ್ರೆ ಜನ ನಂಬ್ತಿದ್ರು. ನೀನು ಇಲ್ಲಿ ಕೆಲಸಕ್ಕೆ ಸೇರಿದಾಗ, ಸದ್ಯ, ಆ ದನಿ ನನ್ನ ಮಗನ ಕೈಯಲ್ಲೇ ಜೋಪಾನವಾಗಿರುತ್ತೆ ಅಂದ್ಕೊಂಡೆ.”

ಅವನು ಅವಳ ಭುಜದಿಂದ ಕೈ ತೆಗೆದ. “ಏನು ಶುದ್ಧ ಆಗ್ತಿತ್ತಮ್ಮ? ಅಷ್ಟು ಬಾಗಿಲು ಬಡಿದ್ರೂ ಅಪ್ಪ ತೆಗೀಲಿಲ್ಲ ತಾನೆ?”

ತಾಯಿ ಮೆಲ್ಲಗೆ ಅವನ ಕಡೆ ತಿರುಗಿದಳು. “ಬಾಗಿಲು ಬಡಿದಿದ್ದನ್ನ ಅವಳು ನನಗೆ ಬಿಟ್ಟು ಬೇರೆ ಯಾರಿಗೂ ಹೇಳಿಲ್ವಲ್ಲೋ. ನಿನಗೆ ಹೇಗೆ ಗೊತ್ತು?”

ಅವಳು ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು; ನೋಡುತ್ತ ನೋಡುತ್ತ ಅವಳಿಗೆ ಒಮ್ಮೆಲೇ ಎಷ್ಟೋ ವಯಸ್ಸಾದಂತೆ ಅವನಿಗೆ ಕಂಡಿತು. ಬೈಯಲಿಲ್ಲ. ಕೈಚೀಲ ತೆರೆದು, ಎಲ್ಲರ ಮುಂದೆ ತೋರಿಸಲೆಂದು ಮೊಳೆಯಿಂದ ಇಳಿಸಿ ತಂದಿದ್ದ ಬೀಗದ ಕೈಯನ್ನು ಅವನ ಅಂಗೈಯಲ್ಲಿಟ್ಟಳು.

“ಬಡಿದವಳು ಬದುಕಿದ್ಲಲ್ಲೋ ಕಂದಾ” ಎಂದಳು. ಅಷ್ಟೇ ಸಾಕಾಯಿತು. ಗೋದಾಮಿನೊಳಗಿದ್ದವರಲ್ಲಿ ಒಬ್ಬರೂ ಉಳಿದಿರಲಿಲ್ಲ, ಅದನ್ನು ಅವನು ಹಾಲು ಕುಡಿಯುವ ವಯಸ್ಸಿನಿಂದ ಕೇಳಿ ಬಲ್ಲ. ನೂಲಜ್ಜಿ ಮಾತ್ರ ಮೊಮ್ಮಕ್ಕಳನ್ನು ಕಂಡು ಸತ್ತಳು. ಹಾಗಾದರೆ ಅವಳು ಬಾಗಿಲು ಬಡಿದದ್ದು ಒಳಗಿನಿಂದಲ್ಲ, ನೂಲುವ ಹಾಲಿನ ಕಡೆಯಿಂದ. ತೆಗಿಯಪ್ಪಾ ಎಂದು ಕರೆದದ್ದು ತನ್ನನ್ನು ಬಿಡು ಎಂದಲ್ಲ, ನೀನು ಈಚೆ ಬಾ ಎಂದು. ಉಳಿದದ್ದನ್ನು ತಾಯಿಯೇ ಹೇಳಿದಳು: ಹೊಗೆಗೆ ಬಿದ್ದವರನ್ನು ಎಳೆದು ತರಲು ಒಳಗೆ ಹೋದ ಅಪ್ಪ, ಬೆಂಕಿಯ ಗಾಳಿಗೆ ಬಾಗಿಲು ಹಾರಿ ಹಾರಿ ತೆರೆಯುತ್ತಿದ್ದಾಗ, ಬೆಂಕಿ ಈಚೆ ದಾಟದಿರಲೆಂದು ಒಳಗಡೆಯಿಂದ ಬೀಗ ಹಾಕಿಕೊಂಡಿದ್ದ. ಈ ಕಡೆ ಹಾಲಿನ ತುಂಬ ಹೆಂಗಸರಿದ್ದರು, ಕೂಸಿನ ಕೋಣೆಯಲ್ಲಿ ಅವನ ಮಗ ಮಲಗಿದ್ದ. “ಅವಳಿಗೆ ನಿನ್ನಪ್ಪ ಬಾಗಿಲಾಚೆಯಿಂದ ನಿನಗೇ ಅಂತ ಏನೋ ಹೇಳಿದ್ರಂತೆ” ಎಂದಳು ತಾಯಿ. “ಅದನ್ನ ನನಗೂ ಹೇಳಲಿಲ್ಲ ಅವಳು. ಕ್ಯಾಸೆಟ್ಟಲ್ಲಿ ಹೇಳಿದೀನಿ, ನಿನ್ನ ಮಗ ಅಲ್ಲೇ ಕೇಳ್ಲಿ ಅಂದಿದ್ಲು.” ಅವನು ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕೂತ. ಈ ಕಟ್ಟಡದಲ್ಲಿ, ಪೇಟೆಯ ಆಚೆ, ದೂರದ ಊರಿನಲ್ಲಿ, ಮೂರೂ ಪ್ರತಿಗಳು ಸರಿಯಾಗಿಯೇ ಇದ್ದವು, ಮೂರೂ ಒಂದೇ ಆಗಿದ್ದವು.